ಒಂದು ಪ್ಲೇಟಿನ ಫೈಲು

ವಾಹನ ನೋಂದಣಿ ಕಚೇರಿಯ ಹಿಂಭಾಗದಲ್ಲಿ, ಸೈಕಲ್ ಸ್ಟ್ಯಾಂಡಿಗೆ ಅಂಟಿಕೊಂಡ ತಗಡಿನ ಕೋಣೆಯಲ್ಲಿ ನನ್ನ ಕೆಲಸ. ಗುಜರಿಗೆ ಹೋಗುವ ಗಾಡಿಗಳ ನಂಬರ್ ಪ್ಲೇಟುಗಳು ಅಲ್ಲಿಗೆ ಬರುತ್ತವೆ. ಗಾಡಿಯ ಮುಂದಿನದು ಒಂದು, ಹಿಂದಿನದು ಒಂದು. ಎರಡನ್ನೂ ಫೈಲಿನ ನಂಬರಿಗೆ ಹೋಲಿಸಿ, ಜೋಡಿ ಮಾಡಿ, ತಂತಿಯಲ್ಲಿ ಬಿಗಿದು ತೂತುಮಾಮನ ಮುಂದೆ ಇಡಬೇಕು. ಅವರು ಯಂತ್ರದ ಹಿಡಿ ಎಳೆದು ನಡುವೆ ಮೂರು ತೂತು ಹೊಡೆಯುತ್ತಾರೆ. ಆಮೇಲೆ ಫೈಲಿಗೆ ರದ್ದಿನ ಮುದ್ರೆ ಬೀಳುತ್ತದೆ. ಆ ಮುದ್ರೆಯ ಕಾಗದ ಕೈಗೆ ಬರುವ ತನಕ ಗುಜರಿಯವರು ಗಾಡಿಯನ್ನು ಒಡೆಯುವ ಹಾಗಿಲ್ಲ.

ಎಂಟನೇ ತರಗತಿಗೆ ಶಾಲೆ ಬಿಟ್ಟ ನನಗೆ ಹೇಳಿ ಮಾಡಿಸಿದ ಕೆಲಸ. ಯಾರೊಂದಿಗೂ ಮಾತಾಡಬೇಕಾಗಿಲ್ಲ, ನೋಡಿದರೆ ಸಾಕು. ಉಬ್ಬಿದ ಅಂಕಿಗಳ ಹಳೆಯ ಪ್ಲೇಟುಗಳು, ಬಳ್ಳಿಯ ಹಾಗೆ ಬಾಲ ಬಿಟ್ಟ ಅಕ್ಷರಗಳು, ಮೂಲೆಯಲ್ಲೊಂದು ಹದ್ದಿನ ಚಿತ್ರ ಕೂರಿಸಿಕೊಂಡವರು, ಪೊಲೀಸರಿಗೆ ಗೊತ್ತಾಗದಿರಲೆಂದು ಮೂರನ್ನು ಎಂಟರ ಹಾಗೆ ಬರೆಸಿಕೊಂಡ ಷೋಕಿಯವರು. ಮುಂದಿನ ಪ್ಲೇಟಿನ ಮೇಲೆ ಬಡಿದು ಸತ್ತ ಹುಳುಗಳು ಒಣಗಿರುತ್ತವೆ, ಹಿಂದಿನದಕ್ಕೆ ಹೊಗೆಯ ಮಸಿ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಯಾವುದು ಯಾವುದೆಂದು ಹೇಳಬಲ್ಲೆ.

"ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತೆ ಅಂತ ಈ ಹುಡುಗಿಗೆ ಯಾರೋ ಹೆದರಿಸಿದ್ದಾರೆ," ಎಂದು ತೂತುಮಾಮ ದಿನಕ್ಕೊಂದು ಸಲವಾದರೂ ಅನ್ನುತ್ತಾರೆ. ನಾನು ನಕ್ಕು ತಂತಿ ಸುತ್ತುತ್ತೇನೆ.

ಹಾಗಾಗಿ ಅಣ್ಣನ ವ್ಯಾನಿನ ಫೈಲು ನನ್ನ ಮೇಜಿಗೆ ಬಂದ ದಿನವೂ ನಾನು ಯಾರಿಗೂ ಏನೂ ಹೇಳಲಿಲ್ಲ.

ಅಣ್ಣ ಹೋದ ಎರಡು ತಿಂಗಳಿಗೆ ನಾನು ಈ ಕೆಲಸಕ್ಕೆ ಸೇರಿದ್ದೆ. ಅವನು ಸರಕಿನ ಸಣ್ಣ ವ್ಯಾನು ಓಡಿಸುತ್ತಿದ್ದ. ಒಂದು ಬೆಳಗಿನ ಜಾವ, ಮಂಜಿನಲ್ಲಿ, ತಿರುವಿನಲ್ಲಿ ನಿಲ್ಲಿಸಿದ್ದ ಲಾರಿಗೆ ಗುದ್ದಿದ. ಅವನು ಕೂತಿದ್ದ ಬದಿ ನಜ್ಜುಗುಜ್ಜಾಯಿತು. ಪಕ್ಕದ ಸೀಟು, ಅದರ ಬಾಗಿಲು, ಕಿಟಕಿಯ ಗಾಜು ಸಹ ಕೂದಲೆಳೆಯಷ್ಟೂ ಕೊಂಕದೆ ಉಳಿದವು. ಆಸ್ಪತ್ರೆಯಲ್ಲಿ ಕೊಟ್ಟ ಚೀಲದಲ್ಲಿ ಅವನ ಅಂಗಿ, ಒಂದು ಚಪ್ಪಲಿ, ಊಟದ ಡಬ್ಬಿ, ಜೊತೆಗೆ ಯಾರೋ ರಸ್ತೆಯಿಂದ ಎತ್ತಿ ಹಾಕಿದ ಮುಂದಿನ ಪ್ಲೇಟು ಇದ್ದವು. ಅಪ್ಪ ಬಾಗಿಲ ಬಳಿ ನಿಂತು ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಅಮ್ಮ ಆ ಪ್ಲೇಟನ್ನು ತೆಗೆದು ಶಾಲಿನೊಳಗೆ ಸೇರಿಸಿಕೊಂಡಳು. ನೋಡಿದವಳು ನಾನೊಬ್ಬಳೇ.

ನಮ್ಮದು ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಕಿಟಕಿಗೆ ಒತ್ತಿದಂತೆ ಅಮ್ಮನ ಹೊಲಿಗೆ ಯಂತ್ರ. ಬೀದಿಯ ಆ ತುದಿಯಲ್ಲಿ ತಿರುಗುವ ಬಿಳಿಯ ವ್ಯಾನುಗಳೆಲ್ಲ ಒಂದೇ ಥರ ಕಾಣುತ್ತವೆ. ಅಮ್ಮ ನಂಬರ್ ನೋಡಿ, "ನಲವತ್ತೇಳು ಬಂತು, ತಟ್ಟೆ ಹಾಕೇ," ಎಂದು ನನಗೆ ಕೂಗುತ್ತಿದ್ದಳು. ಅಣ್ಣನನ್ನು ಅಮ್ಮ ಕೋಪ ಬಂದಾಗ ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದಳು. ಉಳಿದಂತೆ ಅವನು ನಲವತ್ತೇಳು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಅಮ್ಮ ಕೇಳಿದ್ದಳು, "ನಿಮ್ಮಲ್ಲಿ ಎರಡೂ ಪ್ಲೇಟು ಕೊಡಲೇಬೇಕಾ?"

"ಹೂಂ. ಎರಡೂ ಬಂದ್ರೇನೇ ರದ್ದಾಗೋದು."

"ಒಂದು ಬರದೇ ಹೋದ್ರೆ?"

"ಫೈಲು ಹಾಗೇ ಕೂತಿರುತ್ತೆ. ಗುಜರೀಲಿ ಗಾಡೀನೂ ಹಾಗೇ ಇರುತ್ತೆ."

ಅಮ್ಮ ಹೊಲಿಗೆ ಯಂತ್ರ ತುಳಿಯತೊಡಗಿದಳು. ಆ ಮಾತನ್ನು ಹೇಳಿದವಳು ನಾನೇ.

ಪ್ಲೇಟು ಕಳೆದಿದೆ ಎಂದು ಪೊಲೀಸ್ ಠಾಣೆಯಿಂದ ಪತ್ರ ತಂದರೂ ನಡೆಯುತ್ತಿತ್ತು. ಅಪ್ಪ ಹೋಗಿ ಕೇಳಿದರು. ಮೊದಲು ಚೆನ್ನಾಗಿ ಹುಡುಕಿ ನೋಡಿ ಎಂದು ಪೊಲೀಸರು ವಾಪಸ್ ಕಳಿಸಿದರು. ಅಪ್ಪ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವರು, ಯಾರು ಏನು ಹೇಳಿದರೂ ಅಕ್ಷರಶಃ ಮಾಡುವವರು. ರಜೆಯ ದಿನವೊಂದನ್ನು ಇಡೀ ಆ ತಿರುವಿನ ಪೊದೆಗಳಲ್ಲಿ ಕಳೆದು, ಮೊಣಕೈ ತನಕ ಮುಳ್ಳು ಗೀರಿಸಿಕೊಂಡು ಬಂದರು. ಅಮ್ಮ ಮುಲಾಮು ಹಚ್ಚಿದಳು. ಅವಳೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಪ್ಪ ಮತ್ತೆ ಠಾಣೆಯ ಕಡೆ ಹೋಗಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ದೊಡ್ಡಮ್ಮನ ಮನೆಗೆ ಎಂದು ಹೇಳಿ ಅಮ್ಮ ನನ್ನನ್ನು ಕರೆದುಕೊಂಡು ಗುಜರಿಗೆ ಹೋಗುತ್ತಿದ್ದಳು. ವ್ಯಾನು ಗೋಡೆಯ ಬದಿ, ಬಸ್ಸಿನ ಅಸ್ಥಿಪಂಜರವೊಂದರ ಪಕ್ಕ ಇತ್ತು. ಅಮ್ಮ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತು, ಗಾಜು ಇಳಿಸಿ, ವಾರದ ವರದಿ ಒಪ್ಪಿಸುತ್ತಿದ್ದಳು. "ಕೆಳಗಿನ ಮನೆಯವರು ಅಂತೂ ನಲ್ಲಿ ರಿಪೇರಿ ಮಾಡಿಸಿದ್ರು ಕಣೋ. ಇನ್ನು ಆ ಟಪ್ ಟಪ್ ಇಲ್ಲ. ನಿನ್ನ ತಂಗಿ ಇವತ್ತೂ ಅರ್ಧ ಊಟ ಮಾಡಿ ಎದ್ದಳು, ನೀನೇ ಬೈಯಿ." ನಾನು ಟೈರುಗಳ ರಾಶಿಗೆ ಒರಗಿ ನಿಂತಿರುತ್ತಿದ್ದೆ. ಗುಜರಿಯ ಯಜಮಾನರು ದಪ್ಪ ಮನುಷ್ಯ, ಮೆತ್ತನೆಯ ದನಿ. ನಾವಿರುವಷ್ಟು ಹೊತ್ತು ಕೆಲಸದವರಿಗೆ ಸುತ್ತಿಗೆ ಎತ್ತಲು ಬಿಡುತ್ತಿರಲಿಲ್ಲ.

ಹೀಗೆ ಒಂಬತ್ತು ತಿಂಗಳು ನಡೆಯಿತು. ಅಷ್ಟರಲ್ಲಿ ಹೊಸ ಆದೇಶ ಬಂತು.

ಇನ್ನು ಮೇಲೆ ಗಾಡಿಗಳಿಗೆ ಒಂದೇ ಪ್ಲೇಟು, ಅದೂ ಹಿಂದೆ ಮಾತ್ರ. ಬೆಳಕು ಬಿದ್ದರೆ ಹೊಳೆಯುವ ಹೊಸ ನಮೂನೆ. ಮುಂದಿನದು ಬೇಕಿಲ್ಲ. ನಮ್ಮ ಸೂಪರಿಂಟೆಂಡೆಂಟರು ಅದನ್ನು ಓದಿ ಮುಗಿಸುವ ಮೊದಲೇ ಕೌಂಟರಿನಲ್ಲಿ ಕೂರುವ ಅಕ್ಕ ಶುರುಮಾಡಿದಳು.

"ಅಲ್ಲ ಸಾರ್, ಎದುರಿಂದ ಬಂದು ಗುದ್ದಿದವನ ನಂಬರ್ ನೋಡೋದು ಹೇಗೆ?"

"ಸ್ವಾಮಿ, ಒಂಚೂರು ತಿರುಗಿ ನಿಂತ್ಕೊಳ್ಳಿ ಅಂತ ಕೇಳ್ಕೋಬೇಕು," ಎಂದರು ತೂತುಮಾಮ.

"ನಿಮಗೆ ತಮಾಷೆ. ಕೆಲಸ ಅರ್ಧ ಆಯ್ತಲ್ಲ."

"ಅರ್ಧ ತೂತಿನ ಮಾಮ ಅಂತ ಕರೀರಿ ಇನ್ಮೇಲೆ. ಆದ್ರೆ ಒಂದು ಮಾತು. ಗಾಡಿ ಬರೋವಾಗ ಯಾರದು ಅಂತ ಗೊತ್ತಾಗಬೇಕಪ್ಪ. ಹೋದಮೇಲೆ ಬೆನ್ನು ನೋಡ್ಕೊಂಡು ಏನು ಮಾಡೋದು?"

ಎಲ್ಲರೂ ನಕ್ಕರು. ಸೂಪರಿಂಟೆಂಡೆಂಟರು ನನ್ನ ಕಡೆ ತಿರುಗಿದರು. "ನೋಡಮ್ಮ, ಮುಂದಿನ ಪ್ಲೇಟು ಇಲ್ಲ ಅಂತ ನಿಂತಿರೋ ಫೈಲುಗಳನ್ನೆಲ್ಲ ಇಳಿಸು. ಹಿಂದಿನದು ಇದ್ರೆ ಸಾಕು, ಮುದ್ರೆ ಹಾಕಿಬಿಡೋಣ."

ಗೋಡೆಯ ಕಪಾಟಿನಲ್ಲಿ ಅಂಥವು ನಲವತ್ತಮೂರು ಇದ್ದವು. ನಲವತ್ತೆರಡನ್ನು ಅವರ ಮೇಜಿನ ಮೇಲಿಟ್ಟೆ. ಒಂದನ್ನು, ಅದರ ಪ್ಲೇಟಿನ ಸಮೇತ, ತಂತಿಯ ಪೆಟ್ಟಿಗೆಯ ತಳಕ್ಕೆ ತಳ್ಳಿದೆ.

ಮೂರು ಭಾನುವಾರ ಅಮ್ಮ ಎಂದಿನಂತೆ ವರದಿ ಒಪ್ಪಿಸಿದಳು. ನಾಲ್ಕನೆಯ ವಾರ, ಶನಿವಾರ, ಗುಜರಿಯ ಯಜಮಾನರು ಕಚೇರಿಗೆ ಬಂದರು.

"ಉಳಿದ ಗಾಡಿಗಳದ್ದೆಲ್ಲ ಕಾಗದ ಬಂತು ತಾಯಿ, ಇದೊಂದು ಬಂದಿಲ್ಲ," ಎಂದು ಅವರು ಕೌಂಟರಿನ ಅಕ್ಕನ ಮುಂದೆ ಚೀಟಿ ಹಿಡಿದದ್ದು ನನ್ನ ಕೋಣೆಗೆ ಕೇಳಿಸಿತು. "ನನಗೇನು ಅವಸರ ಇರಲಿಲ್ಲ. ಆದ್ರೆ ಆ ಗೋಡೆ ಒಡೆದು ರಸ್ತೆ ಅಗಲ ಮಾಡ್ತಾರಂತೆ. ಜಾಗ ಖಾಲಿ ಮಾಡಲೇಬೇಕು."

ಅಕ್ಕ ದಾಖಲೆ ಪುಸ್ತಕ ನೋಡಿದಳು, ಕಪಾಟು ನೋಡಿದಳು, ಅವರನ್ನು ಕರೆದುಕೊಂಡು ನನ್ನ ಕೋಣೆಗೇ ಬಂದಳು. ಹಿಂದೆಯೇ ಸೂಪರಿಂಟೆಂಡೆಂಟರು. ಯಜಮಾನರು ನನ್ನನ್ನು ಕಂಡು ನಿಂತಲ್ಲೇ ನಿಂತರು.

"ಅಯ್ಯೋ, ನೀನಿಲ್ಲೇ ಇರೋದಾ ಮಗಳೇ?" ಎಂದವರು ಚೀಟಿಯನ್ನು ಮಡಚತೊಡಗಿದರು. "ಇರಲಿ ಬಿಡಿ ಸಾರ್. ಮುಂದಿನ ವಾರ ಬರ್ತೀನಿ. ಅಂಥದ್ದೇನಿಲ್ಲ."

"ಫೈಲು ಎಲ್ಲಿ ಹೋಯ್ತು ಅಂತ ಗೊತ್ತಾಗಬೇಕಲ್ಲ ಯಜಮಾನ್ರೇ," ಎಂದರು ಸೂಪರಿಂಟೆಂಡೆಂಟರು.

ನಾನು ಬಗ್ಗಿ ಪೆಟ್ಟಿಗೆಯಿಂದ ಫೈಲನ್ನೂ ಪ್ಲೇಟನ್ನೂ ತೆಗೆದು ಮೇಜಿನ ಮೇಲಿಟ್ಟೆ. ಸೂಪರಿಂಟೆಂಡೆಂಟರು ಪ್ಲೇಟನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಯಾರದಮ್ಮ ಈ ಗಾಡಿ?"

"ನಮ್ಮಣ್ಣಂದು."

ಕೌಂಟರಿನ ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸೂಪರಿಂಟೆಂಡೆಂಟರು ಫೈಲು ತೆರೆದು ಅಪ್ಪನ ಅರ್ಜಿ, ಮರಣ ಪತ್ರ ಎರಡನ್ನೂ ಓದಿದರು. ತುಂಬ ಹೊತ್ತು ಓದಿದರು.

"ಮೊದಲಾಗಿದ್ರೆ ಇದನ್ನ ಎಷ್ಟು ದಿನ ಬೇಕಾದ್ರೂ ಇಡಬಹುದಿತ್ತು," ಎಂದರು ಕೊನೆಗೆ. "ಈಗ ತಡೆಯೋಕೆ ನನ್ನ ಹತ್ರ ಕಾರಣ ಇಲ್ಲಮ್ಮ."

ತೂತುಮಾಮ ನನಗೆ ಹೊರಗೆ ಹೋಗಿ ಟೀ ಕುಡಿದು ಬಾ ಎಂದರು. ಸೈಕಲ್ ಸ್ಟ್ಯಾಂಡಿನಲ್ಲಿ ನಿಂತೆ. ಯಂತ್ರ ಮೂರು ಸಲ ಸದ್ದು ಮಾಡಿತು. ದಿನವಿಡೀ ಕೇಳುವ ಸದ್ದೇ. ಯಜಮಾನರು ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತು, ಮುದ್ರೆ ಬಿದ್ದ ಕಾಗದವನ್ನು ಜೇಬಿಗೆ ಹಾಕಿಕೊಳ್ಳಲೂ ಆಗದೆ ಹಿಡಿದುಕೊಳ್ಳಲೂ ಆಗದೆ, "ನಾಳೆ ಅಮ್ಮನ್ನ ಕರ್ಕೊಂಡು ಬಾ. ನಾಳೆ ಮುಟ್ಟಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕ್ರೇನು ಹೇಳಿದ್ದೀನಿ," ಎಂದರು.

ಸಂಜೆ ಮನೆಗೆ ಬಂದಾಗ ಅಮ್ಮ ಯಾರದೋ ಲಂಗದ ಅಂಚು ಹೊಲಿಯುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ಮುಂದಿನ ಪ್ಲೇಟು ಇನ್ನು ಬೇಕಾಗಿಲ್ಲವೆಂದೆ. ಮುದ್ರೆ ಬಿದ್ದಿದೆ ಎಂದೆ.

ಅಮ್ಮ ಯಂತ್ರ ನಿಲ್ಲಿಸಿದಳು. ಹಾಸಿಗೆಗಳ ನಡುವೆ ಕೈ ಹಾಕಿ ಟವೆಲಿನಲ್ಲಿ ಸುತ್ತಿದ್ದ ಪ್ಲೇಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಒಂದು ತುದಿ ಮಡಚಿ ಏಳರ ಅಂಕಿ ಅರ್ಧ ಒಳಗೆ ಹೋಗಿತ್ತು.

"ಹಾಗಾದ್ರೆ ಇದನ್ನ ಯಾರೂ ಕೇಳಿಕೊಂಡು ಬರಲ್ವಾ?"

"ಇಲ್ಲಮ್ಮ."

"ಒಬ್ಬರೂ?"

"ಯಾರಿಗೂ ಬೇಡ ಅದು."

"ಬಂದು ಕೇಳಿದ್ರೆ ಏನು ಹೇಳಬೇಕು ಅಂತೆಲ್ಲ ಯೋಚಿಸಿಟ್ಟಿದ್ದೆ ಕಣೇ. ಪೊಲೀಸರೇ ಬರಲಿ, ಯಾರೇ ಬರಲಿ."

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯದು.

"ಎಲ್ಲಿತ್ತು ಅದು?"

"ಇಲ್ಲೇ."

"ಯಾವಾಗಿಂದ?"

"ಮೊದಲಿಂದಲೂ."

"ನಾನು ಆ ಮುಳ್ಳಲ್ಲಿ ಬಿದ್ದು ಎದ್ದು ಹುಡುಕ್ತಿದ್ನಲ್ಲೇ."

"ಗೊತ್ತು ಕಣ್ರೀ."

ಅಪ್ಪ ಕೂಗಾಡಲಿಲ್ಲ. ನಮಗೆ ಬೆನ್ನು ಹಾಕಿ ಹೊಸ್ತಿಲ ಮೇಲೆ ಕೂತರು. ಅಮ್ಮ ಟವೆಲಿನ ಅಂಚಿನಿಂದ ಪ್ಲೇಟನ್ನು ಒರೆಸತೊಡಗಿದಳು. ಒರೆಸಲು ಅಲ್ಲೇನೂ ಇರಲಿಲ್ಲ. "ಕೊಡಲ್ಲ ಅಂತ ಒಂದು ಸಲ ಹೇಳೋಕೂ ಬಿಡಲಿಲ್ಲ ನನ್ನ," ಎಂದಳು. "ಒಂದು ಸಲ."

ನಾನು ಅವಳ ಎದುರಿಗೆ ಹೋಗಿ ನಿಂತೆ. ಕೌಂಟರಿನ ಅಕ್ಕ ಸಾರ್ವಜನಿಕರೊಡನೆ ಮಾತಾಡುವ ದನಿ ನನಗೆ ಗೊತ್ತಿತ್ತು. ಅದನ್ನು ತಂದುಕೊಳ್ಳಲು ನೋಡಿದೆ.

"ನಲವತ್ತೇಳರ ಮುಂದಿನ ಪ್ಲೇಟು ಕೊಡಬೇಕು."

ಅಮ್ಮ ತಲೆಯೆತ್ತಿದಳು.

"ನಿಮ್ಮ ಹತ್ರ ಇದೆ ಅಂತ ಆಫೀಸಿಗೆ ಗೊತ್ತಾಗಿದೆ," ಎಂದೆ. "ಕೊಡಿ."

ಅವಳು ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದಳು. "ಇದೆ," ಎಂದಳು. "ಕೊಡಲ್ಲ."

"ಕೊಡದಿದ್ರೆ ಗಾಡಿ ರದ್ದಾಗಲ್ಲ."

"ಆಗೋದು ಬೇಡ."

"ಇದು ಸರಕಾರದ ನಿಯಮ."

"ಇದು ನನ್ನ ಮಗನ ಗಾಡಿ. ಕೊಡಲ್ಲ ಅಂದ್ರೆ ಕೊಡಲ್ಲ. ಏನು ಮಾಡ್ಕೋತೀರೋ ಮಾಡ್ಕೊಳ್ಳಿ!"

ಕೆಳಗಿನ ಮನೆಯವರಿಗೆ ಕೇಳಿಸುವಷ್ಟು ಜೋರಾಗಿ ಕೂಗಿದಳು. ಅಣ್ಣ ಹೋದ ದಿನವೂ ಅವಳು ಹೀಗೆ ಕೂಗಿರಲಿಲ್ಲ. "ಹಾಗಾದ್ರೆ ಬರೆದುಕೊಡಿ," ಎಂದೆ.

"ಬರ್ಕೋ. ತಾಯಿ ಕೊಡಲ್ಲ ಅಂದ್ಲು ಅಂತ ಬರ್ಕೋ."

ಹೊಸ್ತಿಲಿನಿಂದ ಅಪ್ಪ ತಿರುಗದೆಯೇ ಕೈ ಹಿಂದಕ್ಕೆ ಚಾಚಿದರು. ಕೈಯಲ್ಲಿ ಅವರ ಪೆನ್ನಿತ್ತು.

ಹೊಲಿಗೆಯ ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದೆ. ನನ್ನ ಅಕ್ಷರ ಮೊದಲಿಂದಲೂ ಚೆನ್ನಾಗಿಲ್ಲ. ಅಮ್ಮ ಸಹಿ ಹಾಕಿದಳು. ಅಪ್ಪ ಎದ್ದು ಬಂದು, ಅದರ ಕೆಳಗೆ ತಮ್ಮದನ್ನೂ ಹಾಕಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು.

ಅಮ್ಮ ಮೂಗೊರೆಸಿಕೊಂಡು ಕೇಳಿದಳು. "ಸೋಮವಾರ ಹೋದ ತಕ್ಷಣ ಇದನ್ನ ನಿಮ್ಮ ಸಾಹೇಬರಿಗೆ ಕೊಡ್ತೀಯಲ್ಲ? ಓದಿದ್ರೆ ಅವರೂ ಮನುಷ್ಯರೇ ಅಲ್ವಾ?"

"ಹೂಂ, ಕೊಡ್ತೀನಿ," ಎಂದೆ.

ನಮ್ಮ ಕಚೇರಿ ತೆರೆಯುವುದು ಹತ್ತು ಗಂಟೆಗೆ. ಕ್ರೇನು ಬರುವುದು ಎಂಟಕ್ಕೆ ಎಂಬುದನ್ನು ನಾನು ಅವಳಿಗೆ ಇನ್ನೂ ಹೇಳಿರಲಿಲ್ಲ.