ಮೇಕೆ ಮುಟ್ಟದ ಪೊದೆ

ಹಳ್ಳಿಯ ಮೇಲುಗಡೆ, ಗುಡ್ಡದ ಸೊಂಟಕ್ಕೆ ಅಡ್ಡಲಾಗಿ ಬೆಂಕಿ ರೇಖೆಯೊಂದು ಹಾದುಹೋಗಿದೆ. ಅಗಲ ಮೂವತ್ತು ಮೀಟರ್. ಮೇಲಿನ ಕಾಡಿಗೆ ಬೆಂಕಿ ಬಿದ್ದರೆ ಅದು ಮನೆಗಳತ್ತ ಇಳಿಯುವ ದಾರಿಯಲ್ಲಿ ಉರಿಯಲು ಏನೂ ಸಿಗಬಾರದು ಎಂಬುದು ಅದರ ಉದ್ದೇಶ. ಆದರೆ ರೇಖೆಯನ್ನು ಒಮ್ಮೆ ಕಡಿದರೆ ಕೆಲಸ ಮುಗಿಯುವುದಿಲ್ಲ. ಮಳೆ ಬಿದ್ದ ಮೇಲೆ ಹುಲ್ಲು, ಪೊದೆ ಎಲ್ಲವೂ ಮತ್ತೆ ಚಿಗುರುತ್ತವೆ. ಗಾಳಿಯ ತಿಂಗಳುಗಳು ಬರುವ ಮೊದಲು ಅದನ್ನೆಲ್ಲ ಮೇಯಿಸಿ ತೆಗೆಯುವ ಕೆಲಸ ಮೂರು ವರ್ಷಗಳಿಂದ ಒಬ್ಬ ಹೆಂಗಸಿನದು. ಅರವತ್ತು ಮೇಕೆಗಳನ್ನು ಮುಂದೆ ಬಿಟ್ಟು ಕೋಲು ಹಿಡಿದು ಗುಡ್ಡ ಹತ್ತುವ ಅವಳನ್ನು ಊರಿನವರು ದಂಡನಾಯಕಿ ಎಂದು ಕರೆಯುತ್ತಾರೆ.

ಈ ಸಲ ದಂಡು ಒಂದು ಕಡೆ ನಿಂತುಬಿಟ್ಟಿತು.

ಅದು ಕಡಿದಾದ ಜಾಗವಲ್ಲ, ಮುಳ್ಳಿನ ಜಾಗವೂ ಅಲ್ಲ. ರೇಖೆಯ ಪೂರ್ವದ ತುದಿಯಲ್ಲಿ ಹಳದಿ ಹೂವಿನ ಪೊದೆಗಳು ಒತ್ತೊತ್ತಾಗಿ ಬೆಳೆದಿದ್ದವು. ಹೋದ ವರ್ಷ ಮೇಕೆಗಳು ಅವನ್ನು ಎರಡೇ ದಿನದಲ್ಲಿ ಬೋಳಿಸಿದ್ದವು. ಈಗ ಸುತ್ತ ಬಲೆ ಬೇಲಿ ಕಟ್ಟಿ ಒಳಗೆ ಬಿಟ್ಟರೆ ಬುಡದ ಹುಲ್ಲನ್ನಷ್ಟೇ ತಿಂದು, ಎಲೆಗೆ ಮೂತಿ ತಾಗಿಸಿ, ತಲೆ ಕೊಡವಿ ಹಿಂದೆ ಸರಿಯುತ್ತಿದ್ದವು. ಒಣಹಾಕಿದ ಅಂಗಿಯನ್ನೂ ಬಿಡದ ಹೊಟ್ಟೆಬಾಕ ಹೋತ ಕೂಡ ಹಾಗೆಯೇ ಮಾಡಿತು.

ರೇಖೆಯ ಮೇಲ್ವಿಚಾರಕ ಬಂದು ನೋಡಿದ. "ಏನಮ್ಮಾ, ನಿನ್ನ ದಂಡು ಮುಷ್ಕರ ಹೂಡಿದ್ಯಾ?"

"ಯಾಕೋ ಒಲ್ಲೆ ಅಂತಿವೆ ಸಾರ್. ನನಗೂ ತಲೆಬುಡ ಗೊತ್ತಾಗ್ತಿಲ್ಲ."

"ಮುಂದಿನ ವಾರ ಅಳತೆಗೆ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಇಡೀ ಲೈನಿಗೆ ಪೊದೆ ಕಡಿಯೋ ಮಷಿನ್ ಕರೆಸ್ಬೇಕಾಗುತ್ತೆ. ಒಂದ್ಸಲ ಬಂತು ಅಂದ್ರೆ ಪ್ರತಿ ವರ್ಷ ಅದೇ ಬರುತ್ತೆ. ಆಮೇಲೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡ."

ರೇಖೆಯ ಮೇವು ಕೈತಪ್ಪಿದರೆ ಬೇಸಿಗೆಯಲ್ಲಿ ಮಂದೆಯನ್ನು ಒಯ್ಯಲು ಅವಳಿಗೆ ಬೇರೆ ಜಾಗವಿರಲಿಲ್ಲ. ಅರ್ಧಕ್ಕರ್ಧ ಮೇಕೆಗಳನ್ನು ಮಾರಿಬಿಡಬೇಕಾಗುತ್ತಿತ್ತು.

ಪೊದೆಗೆ ರೋಗ ಬಂದಿದೆಯೇ ಎಂದು ಎಲೆ ತಿರುವಿ ನೋಡಿದಳು. ಹುಳವಿಲ್ಲ, ಚುಕ್ಕೆಯಿಲ್ಲ. ಒಂದೆಲೆ ಕಚ್ಚಿ ಉಗಿದಳು. ಕಹಿ ಇತ್ತು, ಆದರೆ ಕಹಿಗೆ ಮೇಕೆ ಹೆದರುವುದಿಲ್ಲ. ರೇಖೆಯ ಕೆಳಗಿನ ಮೊದಲ ಮನೆ ಅವಳ ಅಣ್ಣನದು. ಅಲ್ಲಿ ಹೋಗಿ ಅತ್ತಿಗೆಯನ್ನು ಕೇಳಿದಳು. ಅತ್ತಿಗೆ ಜೇನು ಸಾಕುತ್ತಾಳೆ; ಗಿಡಗಂಟಿಯ ವಿಷಯ ಅವಳಿಗೆ ಗೊತ್ತಿರುತ್ತದೆ.

"ನಿನ್ನ ಮೇಕೆಗಳಿಗೆ ಸೊಕ್ಕು ಕಣೇ," ಎಂದಳು ಅತ್ತಿಗೆ. "ಒಳ್ಳೇದು ತಿಂದು ತಿಂದು ನಾಲಿಗೆ ಕೆಟ್ಟಿದೆ. ಒಂದು ದಿನ ಉಪವಾಸ ಕೆಡವು."

ಉಪವಾಸವೂ ಆಯಿತು. ಮೇಕೆಗಳು ಬೇಲಿಯ ಹಗ್ಗವನ್ನು ಅಗಿದವೇ ಹೊರತು ಎಲೆಗೆ ಬಾಯಿ ಹಾಕಲಿಲ್ಲ.

ಮರುದಿನ ಅದೇ ಪೊದೆಯಿಂದ ಒಂದು ಹೊರೆ ಕೊಂಬೆ ಕಡಿದು ಮನೆಗೆ ತಂದಳು. ಪಶುವೈದ್ಯರಿಗೆ ತೋರಿಸುವ ಯೋಚನೆಯಿತ್ತು. ಧೂಳು ಮೆತ್ತಿದ್ದ ಕೊಂಬೆಗಳನ್ನು ಹಾಗೆಯೇ ಒಯ್ಯುವುದು ಹೇಗೆ ಎಂದು ತೊಟ್ಟಿಯಲ್ಲಿ ಜಾಲಾಡಿ ಗೋಡೆಗೆ ಒರಗಿಸಿ ಒಳಗೆ ಹೋದಳು. ಹೊರಗೆ ಬರುವಷ್ಟರಲ್ಲಿ ಹೋತ ಹಗ್ಗ ಕಿತ್ತುಕೊಂಡು ಬಂದಿತ್ತು. ನೆಲದ ಮೇಲೆ ಬರೀ ಕಡ್ಡಿ ಉಳಿದಿತ್ತು.

ಅವಳು ಕಡ್ಡಿಗಳನ್ನು ಎತ್ತಿ ತಿರುವಿ ನೋಡಿದಳು. ಆಮೇಲೆ ಗುಡ್ಡಕ್ಕೆ ಹೋಗಿ ಇನ್ನೆರಡು ಕೊಂಬೆ ತಂದು, ಒಂದನ್ನು ತೊಳೆದು, ಇನ್ನೊಂದನ್ನು ಹಾಗೆಯೇ ಬಿಟ್ಟು, ಎರಡನ್ನೂ ಕೊಟ್ಟಿಗೆಯ ಮುಂದೆ ಇಟ್ಟಳು. ತೊಳೆದದ್ದು ಮಾಯವಾಯಿತು. ತೊಳೆಯದ್ದನ್ನು ಮೇಕೆಗಳು ಮೂಸಿ ಬಿಟ್ಟವು.

ಹಾಗಾದರೆ ದೋಷ ಎಲೆಯಲ್ಲಿಲ್ಲ, ಎಲೆಯ ಮೇಲಿದೆ. ತೊಟ್ಟಿಯ ನೀರು ತುಸು ಕಂದಾಗಿತ್ತು. ಬಗ್ಗಿ ಮೂಸಿದಳು. ಏನೂ ವಾಸನೆ ಬರಲಿಲ್ಲ. ಮತ್ತೆ ಮೂಸಿದಳು. ಏನೂ ಬರದಿರುವುದೇ ವಿಚಿತ್ರ ಅನಿಸಿತು. ಅವಳ ಮೂಗು ಲೆಕ್ಕಕ್ಕೇ ತೆಗೆದುಕೊಳ್ಳದ ವಾಸನೆ ಜಗತ್ತಿನಲ್ಲಿ ಒಂದೇ ಒಂದು: ಮೇಕೆ ಹಿಕ್ಕೆಯದು. ಮದುವೆಯಾಗಿ ಮೇಕೆ ಸಾಕುವ ಈ ಮನೆಗೆ ಸೇರಿದಾಗಿನಿಂದ ಅವಳು ಅದರಲ್ಲೇ ಉಸಿರಾಡುತ್ತಿದ್ದಾಳೆ.

ಅವಳ ಕೊಟ್ಟಿಗೆಯಿಂದ ಹಿಕ್ಕೆ ಒಯ್ಯುವವರೂ ಒಬ್ಬರೇ. ಹಿತ್ತಲಿನ ತರಕಾರಿಗೆ ಗೊಬ್ಬರ ಬೇಕೆಂದು ವಾರಕ್ಕೊಂದು ಚೀಲ.

ಅತ್ತಿಗೆ ಶೆಡ್ಡಿನಲ್ಲಿ ಕೂತು ಖಾಲಿ ಜೇನು ಪೆಟ್ಟಿಗೆಯ ಚೌಕಟ್ಟುಗಳಿಂದ ಹಳೆಯ ಮೇಣ ಕೆರೆಯುತ್ತಿದ್ದಳು. ಮೂಲೆಯಲ್ಲಿ ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇ ಪಂಪು ಒದ್ದೆಯಾಗಿ ನಿಂತಿತ್ತು.

"ತರಕಾರಿ ಹೇಗೆ ಬಂದಿದೆ ಅತ್ತಿಗೆ?"

ಅತ್ತಿಗೆ ತಲೆಯೆತ್ತಿ ನೋಡಿದಳು, ಮತ್ತೆ ಕೆರೆಯತೊಡಗಿದಳು. "ಗೊತ್ತಾಯ್ತಾ? ಇನ್ನೂ ನಾಲ್ಕು ದಿನ ಹಿಡಿಯುತ್ತೆ ಅಂದ್ಕೊಂಡಿದ್ದೆ."

"ಏನು ಬೆರೆಸಿದ್ದೀಯ ಅದರಲ್ಲಿ?"

"ಏನೂ ಇಲ್ಲ. ಮೂರು ದಿನ ನೆನೆಸ್ತೀನಿ, ಬಟ್ಟೆಯಲ್ಲಿ ಸೋಸಿ ಹೊಡೀತೀನಿ. ತಾವು ಹಾಕಿದ್ದನ್ನ ತಾವು ತಿನ್ನಲ್ಲ ಅವು. ಆ ವಿಷಯದಲ್ಲಿ ಮನುಷ್ಯರಿಗಿಂತ ವಾಸಿ."

"ನಗಿಸ್ಬೇಡ. ನನ್ನ ಕೆಲಸ ಹೋಗುತ್ತೆ, ಗೊತ್ತಾ?"

"ಕೆಲಸ ಹೋಗೋವರೆಗೂ ಬಿಡ್ತಿರಲಿಲ್ಲ ಕಣೇ. ಇನ್ನು ಹತ್ತು ದಿನ, ಹೂವು ಮುಗಿದ ಮೇಲೆ ನಾನೇ ನಿಲ್ಲಿಸ್ತಿದ್ದೆ."

"ಅಳತೆ ಮುಂದಿನ ವಾರ!"

ಕೆರೆಯುವ ಕೈ ನಿಂತಿತು. ಅಳತೆಯ ದಿನ ಅತ್ತಿಗೆಗೆ ಗೊತ್ತಿರಲಿಲ್ಲ.

"ಬೆಂಕಿ ಬಂದ್ರೆ ಮೊದಲು ಸುಡೋದೇ ನಿನ್ನ ಮನೆ. ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಬೆಂಕಿ 'ಬಂದ್ರೆ' ಅನ್ನೋ ಮಾತು. ಹೂವಿಲ್ಲದೆ ಹೋಗೋದು 'ಬಂದ್ರೆ' ಅಲ್ಲ, ಪ್ರತಿ ವರ್ಷ ಆಗೋದು. ಈ ಕಾಲದಲ್ಲಿ ಗುಡ್ಡದಲ್ಲಿ ಅದೊಂದೇ ಹೂವು. ಹೋದ ಸಲ ನಿನ್ನ ದಂಡು ಬೋಳಿಸಿಹೋದ ಮೇಲೆ ಎರಡು ಪೆಟ್ಟಿಗೆ ಜೇನುಹುಳ ಎದ್ದು ಹೋದವು. ಹೇಳೋಕೆ ನಿನ್ನ ಮನೆವರೆಗೂ ಬಂದಿದ್ದೆ. ನೀನು 'ನೋಡತ್ತಿಗೆ, ಎಷ್ಟು ನೀಟಾಗಿ ಮಾಡಿದೀನಿ' ಅಂತ ಕುಣೀತಿದ್ದೆ."

ದಂಡನಾಯಕಿಗೆ ಆ ದಿನ ನೆನಪಿರಲಿಲ್ಲ. ಹಾಗೆ ಕುಣಿದಿರಬಹುದು ಅನಿಸಿತು.

ವಿಷಯ ಮೇಲ್ವಿಚಾರಕನಿಗೆ ಹೇಳಿದರೆ ಮೇಕೆಗಳ ಮೇಲಿನ ಅಪವಾದ ಕಳೆಯುತ್ತದೆ. ಪೊದೆಗಳಿಗೆ ನೀರು ಹೊಡೆದು ತೊಳೆದರೂ ಸಾಕು, ಎರಡು ದಿನದ ಕೆಲಸ. ಅವಳು ಎರಡನ್ನೂ ಮಾಡದೆ ಅವನ ಕಚೇರಿಗೆ ಹೋಗಿ ಒಂದು ಪ್ರಶ್ನೆ ಕೇಳಿದಳು. "ಸಾರ್, ಲೈನಲ್ಲಿ ಒಂದೂ ಪೊದೆ ಇರ್ಬಾರ್ದಾ?"

"ಯಾರು ಹಾಗೆ ಹೇಳಿದ್ದು?" ಅವನು ಮೇಜಿನ ಮೇಲಿದ್ದ ಮೂರು ಲೋಟಗಳನ್ನು ದೂರ ದೂರ ಇಟ್ಟು ತೋರಿಸಿದ. "ಬೆಂಕಿಗೆ ಒಂದರಿಂದ ಇನ್ನೊಂದಕ್ಕೆ ಕೈ ಎಟುಕಬಾರದು, ಅಷ್ಟೆ. ಪೊದೆಯ ಎತ್ತರದ ಎರಡರಷ್ಟು ಅಂತರ ಬಿಡ್ಬೇಕು. ಮೊಣಕಾಲಿನವರೆಗೆ ಕೆಳಗಿನ ರೆಂಬೆ ಇರಬಾರದು. ಬುಡದಲ್ಲಿ ತರಗೆಲೆ ಬಿದ್ದಿರಬಾರದು. ಆದ್ರೆ ಅದು ಕತ್ತಿ ಹಿಡಿದವರು ಮಾಡೋ ಕೆಲಸ. ಇದನ್ನ ತಿನ್ನು, ಇದನ್ನ ಬಿಡು ಅಂತ ಮೇಕೆಗೆ ಯಾರು ಹೇಳ್ತಾರೆ?"

"ಹೇಳೋರು ಸಿಕ್ಕಿದ್ದಾರೆ," ಎಂದಳು ದಂಡನಾಯಕಿ.

ಮರುದಿನ ಬೆಳಿಗ್ಗೆ ನಾದಿನಿ, ಅತ್ತಿಗೆ ಇಬ್ಬರೂ ಗುಡ್ಡ ಹತ್ತಿದರು. ಹೂವು ದಟ್ಟವಾಗಿದ್ದ ಪೊದೆಗಳನ್ನು ಅತ್ತಿಗೆ ಆರಿಸಿದಳು. ದಂಡನಾಯಕಿ ಹಗ್ಗ ಹಿಡಿದು ಅಂತರ ನೋಡಿ ಅರ್ಧದಷ್ಟನ್ನು ತಳ್ಳಿಹಾಕಿದಳು. ಉಳಿಸುವ ಪೊದೆಗಳ ಮೇಲುಭಾಗಕ್ಕೆ ಮಾತ್ರ ಹಿಕ್ಕೆ ನೀರು ಬಿತ್ತು, ಅದೂ ಎಲೆಗಷ್ಟೆ. ಹೂವಿಗೆ ಒಂದು ಹನಿ ತಾಗಿದರೂ ಅತ್ತಿಗೆ ಪಂಪು ಕಿತ್ತುಕೊಳ್ಳುತ್ತಿದ್ದಳು. ಮಿಕ್ಕದ್ದನ್ನೆಲ್ಲ ನೀರು ಹಾಕಿ ತೊಳೆದರು.

ಮೇಕೆಗಳು ಮೂರು ದಿನ ತೆಗೆದುಕೊಂಡವು. ಬುಡದ ರೆಂಬೆಗಳನ್ನು ಮೊಣಕಾಲೆತ್ತರಕ್ಕೆ ಸವರಿ, ನಡುವಿನ ಪೊದೆಗಳನ್ನು ಮುಗಿಸಿ, ಹಿಕ್ಕೆ ನೀರು ಬಿದ್ದದ್ದನ್ನು ಮೂಸಿ ಬಿಟ್ಟುಹೋದವು. ಹೆಂಗಸರು ಹಿಂದಿನಿಂದ ತರಗು ಗುಡಿಸಿದರು.

ಅಳತೆಯ ದಿನ ಮೇಲ್ವಿಚಾರಕ ಎಲ್ಲ ಪೊದೆಗಳ ನಡುವೆಯೂ ಟೇಪು ಹಿಡಿದ. ಕೊನೆಯ ಎರಡು ಪೊದೆಗಳ ಹತ್ತಿರ ನಿಂತು, "ಇವು ಹತ್ತಿರ ಆಯ್ತು. ಒಂದು ಹೋಗ್ಬೇಕು," ಎಂದ.

ಎರಡರಲ್ಲೂ ಜೇನು ಗುಂಯ್‌ಗುಡುತ್ತಿತ್ತು. ಮೇಕೆಗಳನ್ನು ಬಿಡುವಂತೆಯೂ ಇರಲಿಲ್ಲ, ಅವು ತಿನ್ನುವುದಿಲ್ಲ. ದಂಡನಾಯಕಿ ಕತ್ತಿ ತೆಗೆದಳು. ತಾನೇ ಕಡಿಯಲೇ, ಅತ್ತಿಗೆಯನ್ನು ಕೇಳಲೇ ಎಂದು ತಡವರಿಸಿದಳು.

ಅತ್ತಿಗೆ ಕೈ ಚಾಚಿ ಕತ್ತಿ ಇಸಿದುಕೊಂಡಳು. "ಸಂಜೆವರೆಗೂ ಬಿಡ್ತೀರಾ ಸಾರ್? ಹುಳ ಗೂಡಿಗೆ ಹೋಗಲಿ, ಆಮೇಲೆ ನಾನೇ ಕಡೀತೀನಿ."

ಮೇಲ್ವಿಚಾರಕ ಕೆಳಗಿನ ಮನೆಯನ್ನು ನೋಡಿದ, ಮೇಲಿನ ಕಾಡನ್ನು ನೋಡಿದ. "ಇವತ್ತು ಸಂಜೆ. ನಾಳೆ ಅಲ್ಲ. ಕಡಿದ ಕೊಂಬೆ ಇಲ್ಲಿ ಬಿದ್ದಿರಬಾರದು." ಟೇಪು ಸುತ್ತುತ್ತ ದಂಡನಾಯಕಿಯ ಕಡೆ ತಿರುಗಿದ. "ಮಷಿನ್ ಬೇಡ ಅಂತ ಬರೀತೀನಿ. ಮುಂದಿನ ವರ್ಷ ಪಶ್ಚಿಮದ ತುದಿಯಲ್ಲೂ ಹೀಗೇ ಮಾಡ್ಬೇಕು. ಆದ್ರೆ ಯಾವ ಪೊದೆ ಉಳಿಯುತ್ತೆ ಅಂತ ನನಗೆ ಮೊದಲೇ ತೋರಿಸ್ಬೇಕು."

ಅವನು ಇಳಿದುಹೋದ ಮೇಲೆ ಇಬ್ಬರೂ ಬಂಡೆಯ ಮೇಲೆ ಕೂತರು.

"ಮುಂದಿನ ವರ್ಷ ಅಂದ್ರು, ಕೇಳಿಸ್ತಾ?" ಎಂದಳು ದಂಡನಾಯಕಿ.

"ಕೇಳಿಸ್ತು. ಮೊದಲೇ ತೋರಿಸ್ಬೇಕು ಅಂದಿದ್ದೂ ಕೇಳಿಸ್ತು. ಅವರಿಗಿಂತ ಮೊದಲು ನನಗೆ ತೋರಿಸು," ಎಂದಳು ಅತ್ತಿಗೆ. ಆಮೇಲೆ ಎರಡು ಪೊದೆಗಳನ್ನೂ ದಿಟ್ಟಿಸುತ್ತ, ಯಾವುದಕ್ಕೆ ಹೆಚ್ಚು ಹುಳ ಬರುತ್ತಿವೆ ಎಂದು ನೋಡತೊಡಗಿದಳು.