ತಳದಲ್ಲಿ ಮೂರು ತೂತು

ಆ ಶಾಲೆಯ ಮಕ್ಕಳಿಗೆ ಆಡಲು ಏನೂ ಇರಲಿಲ್ಲ. ದೊಡ್ಡ ಬಯಲಿತ್ತು, ಬಯಲಿನಲ್ಲೊಂದು ಬೇವಿನ ಮರವಿತ್ತು, ಬಯಲಿಗೆ ಇಳಿಯಬೇಡಿ ಎನ್ನುವ ಹೆಡ್‌ಮಾಸ್ತರರೂ ಇದ್ದರು. ನಾನು ಅಲ್ಲಿಗೆ ಹೋದದ್ದು ತಡವಾಗಿ, ಹಲ್ಲೆಲ್ಲ ಸವೆದ ಮೇಲೆ. ಅದಕ್ಕೂ ಮುಂಚಿನದನ್ನು ಬೇಗ ಹೇಳಿ ಮುಗಿಸುತ್ತೇನೆ.

ನಾನು ಟ್ರ್ಯಾಕ್ಟರಿನ ಹಿಂದಿನ ಟೈರು. ಕಾರ್ಖಾನೆಯೊಂದರ ಬಿಸಿ ಅಚ್ಚಿನಲ್ಲಿ ಹುಟ್ಟಿದೆ. ಹೊರಬಿದ್ದ ಕೂಡಲೇ ಒಬ್ಬ ನನ್ನ ಮೈ ತಟ್ಟಿ, ಬಿಳಿ ಬಳಪದಿಂದ ಗೀಟೊಂದನ್ನು ಎಳೆದು ಮುಂದಕ್ಕೆ ಉರುಳಿಸಿದ. ತಾಯಿ ತಂದೆ ಯಾರೂ ಇಲ್ಲ. ನನ್ನಂಥವು ಆ ದಿನ ಮುನ್ನೂರು ಹುಟ್ಟಿದ್ದವು.

ಗದಗ ಸೀಮೆಯ ಸೋಮನಗೌಡರ ಟ್ರ್ಯಾಕ್ಟರಿಗೆ ನನ್ನನ್ನು ಹಾಕಿದರು. ಒಂಬತ್ತು ವರ್ಷ ಎರೆನೆಲದಲ್ಲಿ ದುಡಿದೆ. ಹತ್ತಿ, ಜೋಳ, ಮೆಣಸಿನಕಾಯಿ ಎಲ್ಲ ಹೊತ್ತಿದ್ದೇನೆ. ಮಳೆ ಬಿದ್ದ ಎರೆಯಲ್ಲಿ ನಾನು ಹೂತುಕೊಂಡರೆ ಡ್ರೈವರ್ ಹೊಳಿಯಪ್ಪ ಇಲ್ಲದ ನನ್ನ ತಾಯಿಯ ಹೆಸರೆತ್ತಿ ಬೈಯುತ್ತಿದ್ದ. ಸಂಜೆ ಅವನೇ ಕುಡುಗೋಲಿನ ತುದಿಯಿಂದ ನನ್ನ ಹಲ್ಲಿನ ಸಂದಿಯ ಮಣ್ಣನ್ನು ಕೆದಕಿ ತೆಗೆಯುತ್ತಿದ್ದ. ಹಲ್ಲು ಸವೆದು ಪಕ್ಕೆ ಬಿರಿದಾಗ ನನ್ನನ್ನು ಕಳಚಿ ರಾಜೇಸಾಬನ ಪಂಕ್ಚರ್ ಅಂಗಡಿಯ ಮುಂದೆ ಎಸೆದರು. ಎರಡು ವರ್ಷ ಅಲ್ಲಿ ಕುರ್ಚಿಯಾಗಿದ್ದೆ. ಗಾಡಿ ಕೆಟ್ಟವರು ಬಂದು ನನ್ನ ಮೇಲೆ ಕೂತು ಸರ್ಕಾರವನ್ನು ಬೈದು ಹೋಗುತ್ತಿದ್ದರು.

ಜೂನ್ ಕೊನೆಯ ಒಂದು ದಿನ ಬಳಿಗಾರ ಅಕ್ಕೋರ ಸ್ಕೂಟಿ ಪಂಕ್ಚರ್ ಆಯಿತು. ಅಕ್ಕೋರು ಎಂದರೆ ಊರ ಹೊರಗಿನ ಸರ್ಕಾರಿ ಶಾಲೆಯ ಟೀಚರು, ಮೂರನೇ ತರಗತಿ ಅವರದು. ಅವರು ಕೂರಲಿಲ್ಲ. ನನ್ನ ಸುತ್ತ ಒಂದು ಸುತ್ತು ಬಂದು ಕೇಳಿದರು.

“ರಾಜೇಸಾಬ್, ಇಂಥಾ ಹಳೇ ಟೈರು ಎಷ್ಟ್ ಅದಾವು?”

“ನಾಕ್ ಅದಾವ್ರಿ. ಯಾಕ್ರೀ ಅಕ್ಕೋರ, ಸಾಲಿಗೆ ಟ್ರ್ಯಾಕ್ಟರ್ ಕೊಟ್ಟಾರೇನು?”

“ಟ್ರ್ಯಾಕ್ಟರ್ ಇನ್ನೂ ಬಂದಿಲ್ಲ. ಟೈರಾದ್ರೂ ಮೊದಲ ತಗೊಂಡಿರ್ತೀವಿ.”

ರಾಜೇಸಾಬ ನಕ್ಕ. ನಾಲ್ಕನ್ನೂ ಸುಮ್ಮನೆ ಕೊಟ್ಟ. ತಾನೇ ಗಾಡಿಯಲ್ಲಿ ತಂದು ಇಳಿಸಿದ. ಮೂರು ಟೈರುಗಳನ್ನು ಅರ್ಧ ಹೂತು, ಒಳಗೆ ಮಣ್ಣು ತುಂಬಿ, ಸಾಲಾಗಿ ನಿಲ್ಲಿಸಿದರು. ಎಲ್ಲರಿಗಿಂತ ದೊಡ್ಡವನಾದ ನನ್ನನ್ನು ಬೇವಿನ ಕೆಳಗೆ ನಾಲ್ಕು ಕಲ್ಲುಗಳ ಮೇಲೆ, ಬಿರಿದ ಪಕ್ಕೆ ಮೇಲೆ ಬರುವಂತೆ, ಅಂಗಾತ ಮಲಗಿಸಿದರು. ರಾಜೇಸಾಬ ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಯಿಸಿ ನನ್ನ ತಳದಲ್ಲಿ ಮೂರು ತೂತು ಹಾಕಿದ.

“ಇವು ಇರ್ಲಿರಿ. ಇಲ್ಲಾಂದ್ರ ಮಳಿನೀರ್ ಒಳಗ ನಿಂದರತೈತಿ, ಗುಂಗಾಡ ಆಗ್ತಾವು.” ಗುಂಗಾಡ ಎಂದರೆ ಸೊಳ್ಳೆ. ಆ ಮಾತು ಆಗ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ.

ಮರುದಿನದಿಂದ ಮೂರನೇ ತರಗತಿಯ ಮೊದಲ ತಾಸು ಬಯಲಿನಲ್ಲೇ ನಡೆಯಿತು. ಮಕ್ಕಳು ಬೇವಿನ ನೆರಳನ್ನು ಹೆಜ್ಜೆ ಹಾಕಿ ಅಳೆದರು. ಇರುವೆ ಸಾಲಿನ ಹಿಂದೆ ಬಗ್ಗಿ ನಡೆದು ಗೂಡು ಹುಡುಕಿದರು. ಕಣ್ಣು ಮುಚ್ಚಿ ಕೂತು ಎಷ್ಟು ಸದ್ದು ಕೇಳಿಸಿತೆಂದು ಎಣಿಸಿದರು. ಒಬ್ಬ ಹುಡುಗ ಪ್ರತಿ ದಿನವೂ ತನ್ನ ಹೊಟ್ಟೆಯ ಸದ್ದನ್ನು ಸೇರಿಸುತ್ತಿದ್ದ, ಅದನ್ನೂ ಅಕ್ಕೋರು ಬರೆಸಿದರು. ಉಳಿದ ಹೊತ್ತು ಟೈರಿನಿಂದ ಟೈರಿಗೆ ಹಾರುವುದು, ಬೀಳುವುದು, ಮಣ್ಣು ಝಾಡಿಸಿ ಏಳುವುದು. ಒಂಬತ್ತು ವರ್ಷ ನೆಲವನ್ನು ತುಳಿದವನು ನಾನು. ಅದರ ಮೇಲೆ ಇಷ್ಟು ಜೀವ ಓಡಾಡುತ್ತವೆಂದು ತಿಳಿದದ್ದು ಅಲ್ಲಿ ಮಲಗಿದ ಮೇಲೆಯೇ.

ಹೆಡ್‌ಮಾಸ್ತರ ಮುಳಗುಂದ ಸರ್ ಜಗಲಿಯಲ್ಲಿ ನಿಂತು ನೋಡುತ್ತಿದ್ದರು.

“ಇದು ಯಾವ ವಿಷಯರೀ ಅಕ್ಕೋರ? ಗಣಿತೋ, ಪರಿಸರೋ?”

“ಎರಡೂ ಸರ್. ಮುಂಜಾನೆ ಅಳೂ ಹುಡುಗ್ರು ಕಡಿಮಿ ಆಗ್ಯಾರ, ಅದನ್ನ ಯಾವ ಕಾಲಮ್ಮಿನಾಗ ಬರೀಲಿ ಹೇಳ್ರಿ.”

ಸರ್ ಒಳಗೆ ಹೋದರು. ಅದನ್ನೇ ಒಪ್ಪಿಗೆಯೆಂದು ಅಕ್ಕೋರು ತಿಳಿದುಕೊಂಡರು.

ಆ ತರಗತಿಯಲ್ಲಿ ಫಕೀರವ್ವ ಎಂಬ ಹುಡುಗಿ ಇದ್ದಳು. ಹಿಂದಿನ ಚಳಿಗಾಲದಲ್ಲಿ ಅವಳ ತಾಯಿ ತೀರಿಕೊಂಡಿದ್ದಳು. ಆವತ್ತಿನಿಂದ ಹುಡುಗಿ ಶಾಲೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ತರಗತಿಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತು, ಗಂಟೆಯಾದಾಗ ಎದ್ದು ಹೋಗುತ್ತಿದ್ದಳು. ಈಗ ಬಯಲಿನ ತಾಸು ಬಂದ ಮೇಲೆ ಕಂಬ ಬಿಟ್ಟು ನನ್ನ ನಡುವಿನ ಖಾಲಿ ಜಾಗಕ್ಕೆ ಬಂದು ಮೊಣಕಾಲು ಮಡಚಿ ಕೂರತೊಡಗಿದಳು. ಉಳಿದವರು ಹಾರುತ್ತಿದ್ದರು, ಅವಳು ನನ್ನ ಅಂಚಿನ ಮೇಲೆ ಗದ್ದ ಊರಿ ಇರುವೆಗಳನ್ನು ನೋಡುತ್ತಿದ್ದಳು. ಅಕ್ಕೋರು ಅವಳನ್ನು ಕರೆಯಲಿಲ್ಲ, ಎಬ್ಬಿಸಲೂ ಇಲ್ಲ.

ಅವಳ ಅಜ್ಜಿ ದುರುಗವ್ವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಶಾಲೆಗೇ ಬಂದಳು.

“ಅಕ್ಕೋರ, ಒಳಗ ಕುಂದ್ರಂಗಿಲ್ಲ, ಬಾಯಿ ಬಿಡಂಗಿಲ್ಲ. ಟೈರಿನ್ಯಾಗ ಕುಂತು ಇಕಿ ಏನ್ ಕಲಿತಾಳ? ನನ್ನ ಕೂಡ ಆಡ್ ಕಾಯಾಕರ ಬರ್ಲಿ.”

“ಬ್ಯಾಸಗಿ ಸೂಟಿತನಕ ಬಿಡು ಆಯಿ.”

“ಸೂಟಿತನಕ ಅಷ್ಟ. ಮುಂದ ನೀ ಕೇಳಬ್ಯಾಡ, ನಾ ಹೇಳಂಗಿಲ್ಲ.”

ಫಕೀರವ್ವ ನನ್ನೊಳಗೆ ಕೂತು ಇಬ್ಬರ ಮಾತನ್ನೂ ಕೇಳಿದಳು. ಅವಳ ಬೆರಳು ನನ್ನ ಬಿರಿದ ಪಕ್ಕೆಯನ್ನು ಕೆರೆಯುತ್ತಿತ್ತು. ನನಗೆ ಬಾಯಿ ಇಲ್ಲದ್ದು ಸಹಜ. ಅವಳಿಗೆ ಅದು ಇತ್ತು.

ಫೆಬ್ರವರಿ ಕಳೆಯುವಷ್ಟರಲ್ಲಿ ಬಿಸಿಲು ಏರಿತು. ಶಾಲೆಯ ಹಿಂದಿನ ಹಳ್ಳ ಬತ್ತಿತು. ಒಂದು ಬೆಳಿಗ್ಗೆ ಎರಡು ಗುಬ್ಬಿಗಳು ನನ್ನ ಅಂಚಿನ ಮೇಲೆ ಕೂತು ಕೊಕ್ಕು ತೆರೆದುಕೊಂಡೇ ಇದ್ದವು. ಫಕೀರವ್ವ ಅವುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಅಕ್ಕೋರ ಹತ್ತಿರ ಹೋಗಿ ಸೆರಗು ಜಗ್ಗಿದಳು.

“ಅಕ್ಕೋರ, ಗುಬ್ಬಿಗೆ ನೀರ್ ಬೇಕು. ಟೈರಿನ್ಯಾಗ ಹಾಕೂಣು.”

ಹದಿನಾಲ್ಕು ತಿಂಗಳ ಮೇಲೆ ಬಂದ ದನಿ ಅದು. ಒರಟಾಗಿತ್ತು, ತುಸು ಜೋರಾಗಿಯೂ ಇತ್ತು. ಅಕ್ಕೋರು ಹಿಗ್ಗಲಿಲ್ಲ, ಅಪ್ಪಿಕೊಳ್ಳಲಿಲ್ಲ. ನೀರು ಕೇಳಿದವರಿಗೆ ನೀರು ಕೊಡುವವರಂತೆ ಹೇಳಿದರು.

“ಹಾಕೂಣು. ಆದ್ರ ತಳದಾಗ ತೂತು ಅದಾವಲ್ಲ.”

“ಮುಚ್ಚೂಣ್ರಿ.”

ಶೌಚಾಲಯ ರಿಪೇರಿಗೆ ತಂದ ಸಿಮೆಂಟು ಒಂದು ಮೂಲೆಯಲ್ಲಿ ಉಳಿದಿತ್ತು. ಅಕ್ಕೋರೇ ಕಲಸಿದರು. ಹುಡುಗರೆಲ್ಲ ಸೇರಿ ನನ್ನನ್ನು ಎತ್ತಿ ಹಿಡಿದರು, ಫಕೀರವ್ವ ಕೈ ತೂರಿಸಿ ಮೂರು ತೂತುಗಳನ್ನೂ ಮುಚ್ಚಿದಳು. ಮರುದಿನ ನನ್ನ ಹೊಟ್ಟೆಯ ಸುತ್ತ ನೀರು ನಿಂತಿತು. ಗುಬ್ಬಿ ಬಂದವು, ಪಿಕಳಾರ ಬಂದವು, ಒಂದು ಅಳಿಲೂ ಬಂತು. ಬಂದ ಹಕ್ಕಿಗಳನ್ನು ಎಣಿಸುವುದು ಫಕೀರವ್ವನ ಕೆಲಸವಾಯಿತು. ಎಣಿಸಿದ್ದನ್ನು ಹಲಗೆಯ ಮೇಲೆ ಬರೆಯಬೇಕಿತ್ತು, ಹಲಗೆ ತರಗತಿಯ ಒಳಗಿತ್ತು. ಮೂರನೆಯ ದಿನ ಹೊಸ್ತಿಲು ದಾಟಿದಳು. ಬರೆದು, ತಿರುಗಿ, ನಿಂತಲ್ಲೇ ಓದಿದಳು: “ಗುಬ್ಬಿ ಹನ್ನೊಂದು. ಪಿಕಳಾರ ಎರಡು. ಹೊಟ್ಟಿ ಸಪ್ಪಳ ಒಂದು.” ತರಗತಿ ನಕ್ಕಿತು. ಆ ನಗು ಕಿಟಕಿಯಿಂದ ನನ್ನವರೆಗೂ ಬಂತು. ಈಗಲೂ ಒಬ್ಬನೇ ಬಿದ್ದಿರುವಾಗ ಅದನ್ನು ನೆನೆಸಿಕೊಳ್ಳುತ್ತೇನೆ. ಒಂಬತ್ತು ವರ್ಷ ಹೊತ್ತ ಮೂಟೆಗಳಲ್ಲಿ ಒಂದೂ ನೆನಪಿಲ್ಲ.

ದಿನ ಬಿಟ್ಟು ದಿನ ಮಕ್ಕಳು ಬೋಗುಣಿಯಿಂದ ಹಳೆಯ ನೀರು ತೋಡಿ, ಒಳಗನ್ನು ಒರೆಸಿ, ಹೊಸದು ತುಂಬುತ್ತಿದ್ದರು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದಾಗ ಫಕೀರವ್ವ ಪಾಸಾಗಿದ್ದಳು. ದುರುಗವ್ವ ಬಂದು ಅಂಕಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ನೋಡಿದಳು.

“ಬರ್ಲಿ ಬಿಡ್ರಿ ನಾಲ್ಕನೇತ್ತಕ್ಕ. ಆಡು ಎಲ್ಲಿ ಓಡಿಹೋಕ್ಕಾವು.”

ಅಕ್ಕೋರು ಆ ದಿನ ಸಂತೋಷದಲ್ಲಿದ್ದರು. ಬೀಗ ಹಾಕಿದರು, ಕಿಟಕಿ ಎಳೆದು ನೋಡಿದರು, ಕುಂಡದ ಗಿಡಗಳನ್ನು ಜಗಲಿಗೆ ಎತ್ತಿಸಿದರು. ನನ್ನ ತಳದ ಸಿಮೆಂಟು ಒಡೆಸಬೇಕೆಂದು ಅವರಿಗೆ ಹೊಳೆಯಲಿಲ್ಲ. ಬಿಸಿಲಿಗೆ ನೀರು ಹೇಗೂ ಆರುತ್ತದೆ ಎಂದುಕೊಂಡರೋ ಏನೋ. ಆರಿತು ಕೂಡ.

ಮೇ ಕೊನೆಯಲ್ಲಿ ಮಳೆ ಶುರುವಾಯಿತು. ನಾನು ತುಂಬಿದೆ. ತೋಡುವ ಕೈಗಳು ಇರಲಿಲ್ಲ, ಶಾಲೆ ತೆರೆದ ಮೇಲೂ ಮಳೆಗೆ ಯಾರೂ ಬಯಲಿಗೆ ಇಳಿಯಲಿಲ್ಲ. ಹದಿನೈದು ದಿನ ಆ ನೀರು ನನ್ನೊಳಗೇ ಇತ್ತು. ಅದರಲ್ಲಿ ಏನು ಹುಟ್ಟಿತೆಂದು ಮೊದಲು ತಿಳಿದವನು ನಾನೇ. ಮೈಯೊಳಗೆ ಸಣ್ಣ ಹುಳಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಶಾಲೆ ತೆರೆದ ಎಂಟು ದಿನಕ್ಕೆ ಶಾಲಾ ಸಮಿತಿಯ ಅಧ್ಯಕ್ಷ ಚೆನ್ನವೀರಪ್ಪನ ಮೊಮ್ಮಗನಿಗೆ ಡೆಂಗೀ ಜ್ವರ ಬಂತು. ಹುಬ್ಬಳ್ಳಿಗೆ ಒಯ್ದರು. ಹುಡುಗ ಉಳಿದ. ಆದರೆ ಆ ನಾಲ್ಕು ದಿನ ಮನೆಯವರು ಏನು ಪಟ್ಟರೆಂಬುದು ಚೆನ್ನವೀರಪ್ಪನ ಮುಖದಲ್ಲಿತ್ತು. ಅವನನ್ನು ನಾನು ದೂರುವುದಿಲ್ಲ. ಆಶಾ ಕಾರ್ಯಕರ್ತೆ ರೇಣವ್ವ ನನ್ನ ನೀರನ್ನು ಬಿಳಿ ತಟ್ಟೆಗೆ ತೋಡಿ ಎಲ್ಲರಿಗೂ ತೋರಿಸಿದಳು. ಹುಳ ಕುಣಿದವು.

ಬೇವಿನ ಕೆಳಗೆ ಸಭೆ ಸೇರಿತು. ಮಕ್ಕಳೂ ಸುತ್ತ ನಿಂತಿದ್ದರು.

“ತೂತು ಹಾಕಿಯೇ ಕೊಟ್ಟೇನ್ರಿ ನಾ,” ಎಂದ ರಾಜೇಸಾಬ.

“ಹಂಗಾರ ಮುಚ್ಚಿದವ್ರು ಯಾರು?” ಚೆನ್ನವೀರಪ್ಪ ಕೇಳಿದ.

ಅಕ್ಕೋರು ಬಾಯಿ ತೆರೆದರು. ಹೆಡ್‌ಮಾಸ್ತರರ ಕಡೆ ಒಮ್ಮೆ ನೋಡಿದರು. ಅಷ್ಟರಲ್ಲಿ ಮುಂದೆ ನಿಂತ ಕಾವ್ಯಾ ಎಂಬ ಹುಡುಗಿ, ಪ್ರಶ್ನೆಗೆ ಉತ್ತರ ಗೊತ್ತಿದ್ದವರಂತೆ ಕೈ ಎತ್ತಿ ಹೇಳಿದಳು.

“ಫಕೀರವ್ವ ರೀ. ಆಕಿನ ಮುಚ್ಚೂಣು ಅಂದ್ಲು, ಆಕಿನ ಮುಚ್ಚಿದ್ಲು.”

ಎಲ್ಲರೂ ತಿರುಗಿ ಫಕೀರವ್ವನನ್ನು ನೋಡಿದರು. ಚೆನ್ನವೀರಪ್ಪನೂ ನೋಡಿದ, ಅಷ್ಟೇ.

“ಮುಚ್ಚಿಸಿದ್ದು ನಾನು,” ಎಂದರು ಅಕ್ಕೋರು. “ಸೂಟಿ ಬಿಡೂ ಮುಂದ ಒಡಸೂದು ಮರತಾಕಿನೂ ನಾನ. ಹುಡುಗಿದು ಏನೂ ತಪ್ಪಿಲ್ಲ.”

ಮಾತು ನಿಜ. ಒಂದು ಉಸಿರಿನಷ್ಟು ತಡವಾಗಿ ಬಂತು. ಫಕೀರವ್ವ ಆಗಲೇ ಗೇಟಿನ ಹತ್ತಿರ ಇದ್ದಳು. ಓಡಲಿಲ್ಲ, ನಡೆದೇ ಹೋದಳು.

ಆ ಸಂಜೆಯೇ ನಾಲ್ಕು ಟೈರುಗಳನ್ನೂ ಕಿತ್ತರು. ಉಳಿದ ಮೂವರನ್ನು ಗುಜರಿಗೆ ಸಾಗಿಸಿದರು. ನನ್ನನ್ನು ರಾಜೇಸಾಬ ತನ್ನ ಅಂಗಡಿಯ ಹಿಂದೆ ಗೋಡೆಗೆ ಒರಗಿಸಿ, ನೀರು ನಿಲ್ಲದಂತೆ ಪಕ್ಕೆಯನ್ನು ಉದ್ದಕ್ಕೆ ಸೀಳಿದ. ಇಲ್ಲಿ ಬಿಸಿಲು ಮಧ್ಯಾಹ್ನದ ಮೇಲೆ ಬರುತ್ತದೆ. ರಬ್ಬರು ಪುಡಿಯಾಗಿ ಉದುರುತ್ತಿದೆ. ನನ್ನಂಥ ಜಡವಸ್ತುವಿಗೆ ಇಷ್ಟು ತಿಳಿದಿದೆ: ಮಗುವಿನ ಬಾಯಿ ಬಿಡಿಸಲು ಎಂಟು ತಿಂಗಳ ಬಯಲು ಬೇಕಾಯಿತು, ಮುಚ್ಚಿಸಲು ಎಲ್ಲರೂ ಒಮ್ಮೆ ತಿರುಗಿ ನೋಡಿದ್ದು ಸಾಕಾಯಿತು. ಇದರಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಅಕ್ಕೋರು ಗಾಳಿ ಹಾಕಿಸಲು ಈಗಲೂ ಬರುತ್ತಾರೆ.

“ಆ ಹುಡುಗಿ ಬಂದ್ಲೇನ್ರಿ?” ರಾಜೇಸಾಬ ಕೇಳುತ್ತಾನೆ.

“ಇಲ್ಲ. ಮೂರ್ ಸಲ ಮನಿಗೆ ಹೋಗಿದ್ದೆ. ನನ್ನ ಕಂಡ್ರ ಒಳಗ ಹೋಕ್ಕಾಳ.”

“ಸಣ್ಣ ಹುಡುಗಿರಿ, ಮರೀತಾಳ.”

“ಮಾತಾಡೂದ ಮರೀಬಾರದು ಅಂತನ ಹೊರಗ ಕರಕೊಂಡು ಬಂದಿದ್ದೆ,” ಎಂದು ಅಕ್ಕೋರು ಒಮ್ಮೆ ಹೇಳಿದರು. ರಾಜೇಸಾಬನಿಗೆ ಅರ್ಥವಾಯಿತೋ ಇಲ್ಲವೋ, ಆ ದಿನ ಗಾಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮೊನ್ನೆ ಫಕೀರವ್ವ ಈ ಹಾದಿಯಲ್ಲೇ ಹೋದಳು. ಮುಂದೆ ಆಡು, ಹಿಂದೆ ಅವಳು. ಆಡು ಕಾಯುವ ಉಳಿದ ಮಕ್ಕಳು ಕೂಗುತ್ತಾರೆ, ಸಿಳ್ಳೆ ಹಾಕುತ್ತಾರೆ. ಅವಳು ಕೋಲಿನಿಂದ ನೆಲ ತಟ್ಟಿದಳು, ಅಷ್ಟೇ. ನನ್ನ ಕಡೆ ನೋಡಲಿಲ್ಲ.

ನಾಲ್ಕು ಟೈರು ಹೋದವು. ದಿನದ ಮೊದಲ ತಾಸು ಹೋಯಿತು. ಫಕೀರವ್ವ ಮಾತಾಡಿದ್ದು ನಲವತ್ತೊಂದು ದಿನ. ಆ ತರಗತಿಯಲ್ಲಿ ಇಪ್ಪತ್ತಾರು ಮಕ್ಕಳಿದ್ದರು, ಈಗ ಇಪ್ಪತ್ತೈದು.