ಹತ್ತು ಪ್ರಶ್ನೆಯ ಹಾಳೆ

ಭಾನುವಾರ ಬೆಳಿಗ್ಗೆ ಬೇರೆಯವರೆಲ್ಲ ಸತ್ಯವೇದ ಒಂದನ್ನೇ ಹಿಡಿದು ಚರ್ಚಿಗೆ ಹೋದರೆ, ಇನ್‌ಸ್ಪೆಕ್ಟರು ಅದರ ಜೊತೆಗೆ ಒಂದು ರಟ್ಟು, ರಟ್ಟಿಗೊಂದು ಕ್ಲಿಪ್ಪು, ಕ್ಲಿಪ್ಪಿನಲ್ಲೊಂದು ಹಾಳೆ, ಕಿವಿಯ ಮೇಲೊಂದು ಪೆನ್ಸಿಲ್ಲು ಇಷ್ಟನ್ನೂ ಹೊತ್ತು ಹೋಗುತ್ತಿದ್ದರು. ಪೊಲೀಸ್ ಇನ್‌ಸ್ಪೆಕ್ಟರು ಅಂದುಕೊಳ್ಳಬೇಡಿ. ಡ್ರೈವಿಂಗ್ ಲೈಸೆನ್ಸ್ ಆಫೀಸಿನಲ್ಲಿ ಮೂವತ್ತೊಂದು ವರ್ಷ, ಗಾಡಿ ಓಡಿಸುವವರ ಪಕ್ಕದ ಸೀಟಿನಲ್ಲಿ ಕೂತು, ಪಾಸೋ ಫೇಲೋ ಎಂದು ಗುರುತು ಹಾಕಿದವರು. ಸ್ವಂತ ಅಕ್ಕನ ಗಂಡನನ್ನೇ ಮೂರು ಸಲ ಫೇಲ್ ಮಾಡಿದ ಪುಣ್ಯಾತ್ಮ. ಆ ಭಾವ ಕೊನೆಯವರೆಗೂ ಸೈಕಲ್ಲಿನಲ್ಲೇ ಓಡಾಡಿ ತೀರಿಕೊಂಡ. ಅಕ್ಕ ಈಗ ತಮ್ಮನ ಮನೆಯಲ್ಲೇ ಇದ್ದಾಳೆ, ಆದರೆ ಆ ವಿಷಯವನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.

ಪ್ರಸಂಗಕ್ಕೆ, ಎಂದರೆ ಚರ್ಚಿನಲ್ಲಿ ಪಾಸ್ಟರು ಮಾಡುವ ಬೋಧನೆಗೆ, ಅಂಕ ಹಾಕುವ ಈ ಕೆಲಸ ಅವರಿಗೆ ಅಂಟಿಕೊಂಡದ್ದು ಹದಿನಾರು ವರ್ಷದ ಹಿಂದೆ. ಎಲ್ಲಿಂದಲೋ ಬಂದ ಬೋಧಕನೊಬ್ಬ ಪೀಠದ ಮೇಲೆ ನಿಂತು, ನಂಬಿಕೆಯಿದ್ದರೆ ವರ್ಷದೊಳಗೆ ಮನೆ ಮುಂದೆ ಕಾರು ನಿಲ್ಲುತ್ತದೆ ಎಂದ. ಹೋಗಲಿ, ಕಾರಿಗೆ ಆಸೆಪಟ್ಟವರು ಪಡಲಿ. ನಂಬಿಕೆಯಿದ್ದವರಿಗೆ ಮಾತ್ರೆ ಯಾಕೆ ಎಂದೂ ಕೇಳಿಬಿಟ್ಟ. ಸಕ್ಕರೆ ಕಾಯಿಲೆಯ ಮುದುಕರೊಬ್ಬರು ಅದನ್ನು ನಂಬಿ ಮಾತ್ರೆಗಳನ್ನೆಲ್ಲ ಮೋರಿಗೆ ಚೆಲ್ಲಿದರು, ಹತ್ತನೇ ದಿನ ಆಸ್ಪತ್ರೆ ಸೇರಿದರು. ಆಗ ಹಿರಿಯರೆಲ್ಲ ಸೇರಿ, ಇನ್ನು ಮೇಲೆ ಪೀಠ ಹತ್ತುವವರ ಮಾತನ್ನು ಸತ್ಯವೇದದ ವಾಕ್ಯಕ್ಕೆ ಒರೆ ಹಚ್ಚಿ ನೋಡಲೇಬೇಕು ಎಂದು ತೀರ್ಮಾನಿಸಿದರು. ಒರೆ ಹಚ್ಚುವುದರಲ್ಲಿ ಕೈ ಪಳಗಿದವರು ಬೇರೆ ಯಾರಿದ್ದರು?

ಇನ್‌ಸ್ಪೆಕ್ಟರು ಒಂದೇ ವಾರದಲ್ಲಿ ಹತ್ತು ಪ್ರಶ್ನೆಯ ಹಾಳೆ ತಯಾರಿಸಿದರು. ಓದಿದ ವಾಕ್ಯವನ್ನು ಸಂದರ್ಭ ಬಿಟ್ಟು ಎಳೆದಾಡಿದರೇ? ಶಿಲುಬೆಯ ಮಾತು ಬಂತೇ? ಪಾಪವನ್ನು ಪಾಪ ಎಂದರೇ, ಬರೀ ಬೇಜಾರು, ಟೆನ್ಷನ್ನು ಎಂದು ತೇಲಿಸಿದರೇ? ರಕ್ಷಣೆ ಕೃಪೆಯಿಂದ ಎಂದರೇ, ನಮ್ಮ ಶ್ರಮದಿಂದ ಎಂದರೇ? ಕಾರು ಬಂಗಲೆಯ ಆಸೆ ತೋರಿಸಿದರೇ? ಹೇಳಿದ ಕಥೆ ದೇವರದ್ದೋ, ತಮ್ಮದೋ? ಸಂಶಯ ಬಿತ್ತಿದರೇ? ಹೀಗೆ ಹತ್ತು. ಜೊತೆಗೆ ಎರಡು ನಿಯಮ. ಒಂದು, ಗುರುತನ್ನು ಪ್ರಸಂಗ ನಡೆಯುತ್ತಿರುವಾಗಲೇ ಹಾಕಬೇಕು. ಗಾಡಿಯಿಂದ ಇಳಿದ ಮೇಲೆ ನೆನಪು ಮಾಡಿಕೊಂಡು ಹಾಕಿದ ಗುರುತು ಲೆಕ್ಕಕ್ಕಿಲ್ಲ. ಎರಡು, ಗುರುತಿಲ್ಲದ ಹಾಳೆ ಎಂದರೆ ಸೊನ್ನೆ.

ಅವರ ಜೊತೆಗೆ ಇನ್ನಿಬ್ಬರು ಪರೀಕ್ಷಕರಿದ್ದರು. ಔಷಧಿ ಅಂಗಡಿಯವರು ಎಡಗಡೆ, ನಿವೃತ್ತ ಟೀಚರಮ್ಮ ಬಲಗಡೆ ಕೂರುತ್ತಿದ್ದರು. ಹದಿನಾರು ವರ್ಷದಲ್ಲಿ ಮೂರು ಹಾಳೆಯ ಅಂಕ ಒಮ್ಮೆಯೂ ಬೇರೆಯಾದದ್ದಿಲ್ಲ. ಸಭೆಯವರು ಇದನ್ನು ಬೋಧನೆಯಲ್ಲಿನ ಒಮ್ಮನಸ್ಸು ಎಂದು ಹೊಗಳುತ್ತಿದ್ದರು. ಆ ಒಮ್ಮನಸ್ಸಿಗೆ ಸಿಕ್ಕಿ ಮೂರು ಜನ ಪಾಸ್ಟರುಗಳು ಗಂಟುಮೂಟೆ ಕಟ್ಟಿದ್ದರು. ಒಬ್ಬನಂತೂ ಪ್ರಸಂಗದಲ್ಲಿ ಹದಿನೇಳು ಜೋಕು ಹೇಳಿದ್ದ. ಇನ್‌ಸ್ಪೆಕ್ಟರು ಅವನ್ನೂ ಎಣಿಸಿದ್ದರು.

ಈಗ ಅದೇ ಪೀಠ ಖಾಲಿ ಬಿದ್ದಿತ್ತು. ಅದಕ್ಕೆ ಅರ್ಜಿ ಹಾಕಿದವರಲ್ಲಿ ಮೊದಲ ಹೆಸರು ಅವರ ಒಬ್ಬಳೇ ಮಗಳದು. ದೇವಶಾಸ್ತ್ರ ಓದಿ, ಆರು ವರ್ಷ ಆಸ್ಪತ್ರೆಯೊಂದರಲ್ಲಿ ರೋಗಿಗಳ ಪಕ್ಕ ಕೂತು ಪ್ರಾರ್ಥನೆ ಮಾಡುವ ಕೆಲಸ ಮಾಡಿ ಬಂದವಳು. ಅವಳಿಗೆ ಬೇಕಾಗಿದ್ದದ್ದು ಇದೊಂದೇ ಚರ್ಚು, ಅಮ್ಮನ ಕೈ ಹಿಡಿದು ನಡೆದು ಬಂದ ಚರ್ಚು. ಎರಡು ಭಾನುವಾರ ಎರಡು ಪ್ರಸಂಗ ಮಾಡಬೇಕು, ಇಪ್ಪತ್ತಕ್ಕೆ ಹದಿನಾಲ್ಕು ಬರಬೇಕು. ಬರದಿದ್ದರೆ ಪೀಠ ಮುಂದಿನ ಅರ್ಜಿದಾರನಿಗೆ.

"ನನ್ನ ಮಗಳು, ನಾನು ಕೂರೋದು ಸರಿಯಲ್ಲ" ಎಂದು ಇನ್‌ಸ್ಪೆಕ್ಟರು ಚರ್ಚಿನ ಕಾರ್ಯದರ್ಶಿಗೆ ಹೇಳಿದ್ದರು.

"ಸುಮ್ನಿರಿ ಸಾರ್. ಭಾವನಿಗೇ ಲೈಸೆನ್ಸ್ ಕೊಡದವರು ಮಗಳಿಗೆ ಪೀಠ ಕೊಡ್ತೀರಾ?" ಎಂದು ಕಾರ್ಯದರ್ಶಿ ನಕ್ಕುಬಿಟ್ಟ.

ಮೊದಲ ಭಾನುವಾರ ಅವಳು ಹತ್ತಕ್ಕೆ ಹತ್ತು ತೆಗೆದಳು. ಒಂದು ಪದ ಆಚೀಚೆ ಆಗಲಿಲ್ಲ. ಶಿಲುಬೆ ಬರಬೇಕಾದಲ್ಲಿ ಬಂತು, ಕೃಪೆ ಬರಬೇಕಾದಲ್ಲಿ ಬಂತು. ಎಷ್ಟರಮಟ್ಟಿಗೆ ಎಂದರೆ, ನಾಲ್ಕನೇ ಪ್ರಶ್ನೆಯಿಂದ ಮುಂದೆ ಇನ್‌ಸ್ಪೆಕ್ಟರ ಪೆನ್ಸಿಲ್ಲೇ ಅವಳಿಗಿಂತ ಮೊದಲು ಓಡುತ್ತಿತ್ತು.

ಮನೆಗೆ ಬಂದ ಮೇಲೆ ಅಕ್ಕ ತಟ್ಟೆ ಇಡುತ್ತಾ ಕೇಳಿದಳು. "ಏನೋ, ಇವತ್ತು ನಿನ್ನ ಮಗಳು ಏನು ಹೇಳಿದ್ಳು?"

"ಹತ್ತಕ್ಕೆ ಹತ್ತು ಅಕ್ಕಾ."

"ಅಂಕ ಯಾರು ಕೇಳಿದ್ರೋ? ಏನು ಹೇಳಿದ್ಳು ಅಂದೆ."

ಇನ್‌ಸ್ಪೆಕ್ಟರಿಗೆ ವಾಕ್ಯ ಯಾವುದೆಂದು ನೆನಪಿತ್ತು, ಅಷ್ಟೇ. ಅಕ್ಕ ಬಿಡುವವಳಲ್ಲ. "ನಾನು ಹೇಳ್ಲಾ? ನಿನ್ನ ಹಾಳೇನೇ ಓದಿದ್ಳು. ಆ ದರಿದ್ರ ಹಾಳೆ ನೋಡ್ತಾ ಬೆಳೆದ ಹುಡುಗಿ, ಇನ್ನೇನು ಓದ್ತಾಳೆ!"

ಮಗಳು ಉಂಡು ಎದ್ದಳು. ತಟ್ಟೆ ತೊಳೆಯುತ್ತಾ, ಇತ್ತ ತಿರುಗದೆ ಹೇಳಿದಳು. "ಅಪ್ಪಾ, ಇಪ್ಪತ್ತೈದು ನಿಮಿಷ ಮಾತಾಡಿದೆ. ನೀವು ಒಂದು ಸಲಾನೂ ನನ್ನ ಮುಖ ನೋಡ್ಲಿಲ್ಲ."

"ಪರೀಕ್ಷಕ ಮುಖ ನೋಡಬಾರದು ಮರಿ."

"ಹೂಂ. ಗೊತ್ತು" ಎಂದಳು.

ಎರಡನೆಯ ಭಾನುವಾರ ಅವಳು ಆರಿಸಿಕೊಂಡದ್ದು ಸತ್ತ ಹುಡುಗಿಯೊಬ್ಬಳನ್ನು ಯೇಸು ಕೈ ಹಿಡಿದು ಎಬ್ಬಿಸಿದ ಭಾಗ. ಇನ್‌ಸ್ಪೆಕ್ಟರು ಪೆನ್ಸಿಲ್ಲು ಕಿವಿಯಿಂದ ತೆಗೆದು, ಮೊನೆ ನೋಡಿ, ಮೊದಲ ಪ್ರಶ್ನೆಯ ಮೇಲೆ ಇಟ್ಟುಕೊಂಡರು. ಅಷ್ಟರಲ್ಲಿ ಅವಳು ಎದುರಿಗಿದ್ದ ಕಾಗದವನ್ನು ಮಡಚಿ ಪುಸ್ತಕದೊಳಗೆ ಇಟ್ಟುಬಿಟ್ಟಳು.

"ಹದಿನಾಲ್ಕು ವರ್ಷದ ಹಿಂದೆ, ನನಗೆ ಹದಿನೈದು ಆಗಿದ್ದಾಗ, ನಮ್ಮಮ್ಮ ಒಂದು ಗುರುವಾರ ತೀರಿಕೊಂಡ್ರು" ಎಂದಳು. "ಈ ಕಥೆ ನನಗೆ ಬಾಯಿಪಾಠ ಇತ್ತು. ಇದನ್ನೇ ಹೇಳಿ ಪ್ರಾರ್ಥನೆ ಮಾಡಿದೆ. ಅಮ್ಮ ಏಳಲಿಲ್ಲ. ಶುಕ್ರವಾರ ಮಣ್ಣು ಮಾಡಿದ್ವಿ. ಭಾನುವಾರ ಅಪ್ಪ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದ್ರು. ಅವತ್ತಿನ ಪ್ರಸಂಗ ಪುನರುತ್ಥಾನದ ಮೇಲೆ. ಹತ್ತಕ್ಕೆ ಹತ್ತು ಬಂತು. ಬರಬೇಕಾದ್ದೇ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದನ್ನ ನಾನು ಅವತ್ತೂ ನಂಬಿದ್ದೆ, ಇವತ್ತೂ ನಂಬ್ತೀನಿ."

ಅವಳು ಪುಸ್ತಕ ಮುಚ್ಚಿ ಮುಂದುವರಿಸಿದಳು.

"ಮನೆಗೆ ಬಂದ್ವಿ. ಅಪ್ಪ ಹಾಳೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. ಅತ್ತೆ ಆಗಿನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ಮೂರು ದಿನದಿಂದ ಒಲೆ ಹಚ್ಚಿರಲಿಲ್ಲ. ಅಕ್ಕಪಕ್ಕದವರು, ಚರ್ಚಿನವರು ನೋಡ್ಕೋತಾರೆ ಅಂದ್ಕೊಂಡ್ರು. ಚರ್ಚಿನವರು, ಅಕ್ಕಪಕ್ಕದವರು ನೋಡ್ಕೋತಾರೆ ಅಂದ್ಕೊಂಡ್ರು. ನನಗೆ ವಿಪರೀತ ಹಸಿವಾಗಿತ್ತು. ಅಮ್ಮ ಸತ್ತಿರುವಾಗ ಹಸಿವು ಅಂತ ಹೇಳೋಕೆ ನಾಚಿಕೆ ಆಯ್ತು. ಹೇಳಲಿಲ್ಲ."

ಇನ್‌ಸ್ಪೆಕ್ಟರು ಮುಖ ಎತ್ತಿದರು. ಅವಳು ಅವರನ್ನು ನೋಡುತ್ತಿರಲಿಲ್ಲ, ಎಲ್ಲರನ್ನೂ ನೋಡುತ್ತಿದ್ದಳು. ಅವಳ ಹುಬ್ಬಿನ ಮಧ್ಯೆ ತಾಯಿಗಿದ್ದಂಥದೇ ಒಂದು ಗೆರೆಯಿತ್ತು. ಆ ಗೆರೆ ಯಾವಾಗಿನಿಂದ ಇತ್ತೋ ಅವರಿಗೆ ತಿಳಿಯದು.

"ಯೇಸು ಆ ಹುಡುಗೀನ ಎಬ್ಬಿಸಿದ ಮೇಲೆ ಏನಂದ ನೋಡಿ. ಸಾವನ್ನೇ ಗೆದ್ದು ನಿಂತಿದ್ದಾನೆ. ಸುತ್ತ ಇದ್ದವರೆಲ್ಲ ದಂಗಾಗಿದ್ದಾರೆ. ಭಾಷಣ ಮಾಡೋಕೆ ಅದಕ್ಕಿಂತ ಒಳ್ಳೆ ಹೊತ್ತು ಬೇಕಾ? ಮಾಡಲಿಲ್ಲ. ಈ ಮಗೂಗೆ ತಿನ್ನೋಕೆ ಏನಾದ್ರೂ ಕೊಡಿ ಅಂದ. ಅವಳಿಗೆ ಹಸಿವಾಗಿದೆ ಅಂತ ಆ ಮನೆಯಲ್ಲಿ ಹೊಳೆದದ್ದು ಅವನೊಬ್ಬನಿಗೇ. ನಮ್ಮಮ್ಮನ್ನ ಯಾಕೆ ಎಬ್ಬಿಸಲಿಲ್ಲ ಅಂತ ನನಗೆ ಗೊತ್ತಿಲ್ಲ. ಓದಿದವಳು ನಾನು, ಅದಕ್ಕೆ ಉತ್ತರ ಕೊಡಬಲ್ಲೆ, ಪೂರ್ತಿ ಅಂಕಾನೂ ಬರುತ್ತೆ. ಆದ್ರೆ ನಿಜ ಹೇಳ್ತೀನಿ, ಗೊತ್ತಿಲ್ಲ. ನನ್ನ ಹಸಿವು ಅವನಿಗೆ ಗೊತ್ತಿತ್ತು ಅನ್ನೋದು ಮಾತ್ರ ಗೊತ್ತು. ಅದನ್ನ ಹೇಳೋಕೇ ನಾನು ಪಾಸ್ಟರ್ ಆಗಬೇಕು ಅಂತಿರೋದು."

ಆಮೇಲೆ ಪ್ರಾರ್ಥನೆ, ಹಾಡು, ಆಶೀರ್ವಾದ ಎಲ್ಲ ಆಯಿತು. ಎಲ್ಲರೂ ಎದ್ದು ನಿಂತಾಗ ಇನ್‌ಸ್ಪೆಕ್ಟರ ತೊಡೆಯಿಂದ ಪೆನ್ಸಿಲ್ಲು ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳುವಾಗ ಅವರು ಹಾಳೆ ನೋಡಿಕೊಂಡರು. ಮೊದಲ ಪ್ರಶ್ನೆಯ ಮುಂದೆ ಒಂದು ಚುಕ್ಕೆ ಇತ್ತು, ಮೊನೆ ಊರಿದ್ದ ಚುಕ್ಕೆ. ಮಿಕ್ಕದ್ದೆಲ್ಲ ಬೆಳ್ಳಗೆ.

ಹಿಂದಿನ ಕೋಣೆಯಲ್ಲಿ ಕಾರ್ಯದರ್ಶಿ ಕಾದಿದ್ದ. ಗೇಟಿನ ಬಳಿ ವಾಹನ ನಿಲ್ಲಿಸುವ ಜಗಳ ಬಿಡಿಸುತ್ತಿದ್ದವನು, ಪ್ರಸಂಗ ಕೇಳಿರಲಿಲ್ಲ. "ಕೊಡಿ ಕೊಡಿ, ನಾಲ್ಕು ಬಂದ್ರೆ ಮುಗೀತು" ಎಂದು ಕೈ ಚಾಚಿದ.

ಇನ್‌ಸ್ಪೆಕ್ಟರು ಹಾಳೆ ಕೊಟ್ಟರು. ಕಾರ್ಯದರ್ಶಿ ತಿರುಗಿಸಿ ಹಿಂಬದಿಯನ್ನೂ ನೋಡಿದ. "ಸಾರ್, ಇದು ಖಾಲಿ."

"ಹೌದು."

ಕಾರ್ಯದರ್ಶಿ ಉಳಿದಿಬ್ಬರತ್ತ ತಿರುಗಿದ. ಔಷಧಿ ಅಂಗಡಿಯವರು ಚಾವಣಿ ನೋಡಿದರು. ಟೀಚರಮ್ಮ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಕೊನೆಗೆ ಎರಡು ಹಾಳೆಯೂ ಮೇಜಿನ ಮೇಲೆ ಬಂದವು. ಅವೂ ಬೆಳ್ಳಗೇ ಇದ್ದವು.

"ಇದೇನ್ರೀ ಇದು, ಮೂರೂ ಜನ ಮಲಗಿಬಿಟ್ರಾ?"

"ಮಲಗೋದೇನು ಬಂತು" ಎಂದರು ಟೀಚರಮ್ಮ. ಗುಟ್ಟು ಕಕ್ಕುವುದೇ ವಾಸಿ ಎಂದು ಅವರಿಗೆ ಅನ್ನಿಸಿರಬೇಕು. "ಹದಿನಾರು ವರ್ಷದಿಂದ ನಾನು ಇವರ ಹಾಳೆ ನೋಡಿ ಬರೀತಿದ್ದೆ. ಇವತ್ತು ಇವರು ಬರೀಲಿಲ್ಲ."

"ನೀವೂನಾ?" ಎಂದರು ಔಷಧಿ ಅಂಗಡಿಯವರು ಬೆರಗಾಗಿ. "ನಾನೊಬ್ಬನೇ ಅಂದ್ಕೊಂಡಿದ್ದೆ!"

ಇನ್‌ಸ್ಪೆಕ್ಟರು ಇಬ್ಬರನ್ನೂ ನೋಡಿದರು. ಹಾಗಾದರೆ ಆ ಮೂವರು ಪಾಸ್ಟರುಗಳನ್ನು ಕಳಿಸಿದ್ದು ತಾವೊಬ್ಬರೇ.

ಔಷಧಿ ಅಂಗಡಿಯವರು ಹತ್ತಿರ ಬಂದು ದನಿ ತಗ್ಗಿಸಿದರು. "ಇನ್‌ಸ್ಪೆಕ್ಟ್ರೇ, ಈಗ ಹಾಕಿಬಿಡಿ. ಬರೀ ನಾಲ್ಕು ಗುರುತು. ನೀವು ಹಾಕಿದ್ರೆ ನಾವೂ ಹಾಕ್ತೀವಿ. ಯಾರಿಗೆ ಗೊತ್ತಾಗುತ್ತೆ? ಮಗಳ ಜೀವನ ಕಣ್ರೀ!"

ಪೆನ್ಸಿಲ್ಲು ಕೈಯಲ್ಲೇ ಇತ್ತು. ಕಿಟಕಿಯಾಚೆ ಹೊರಗಿನ ಬೆಂಚಿನ ಮೇಲೆ ಮಗಳು ಕೂತದ್ದು ಕಾಣುತ್ತಿತ್ತು. ಹಾಕಬೇಕೆಂದು ಅವರಿಗೆ ತುಂಬಾ ಆಸೆಯಾಯಿತು. ಸುಳ್ಳು ಬೇರೆ ಯಾರ ಬಗ್ಗೆಯಾದರೂ ಆಗಿದ್ದರೆ ಬರೆದುಬಿಡುತ್ತಿದ್ದರೋ ಏನೋ. ನಿಜ ಹೇಳುತ್ತೇನೆಂದು ಪೀಠದ ಮೇಲೆ ನಿಂತವಳ ಹೆಸರಿನಲ್ಲಿ ಬರೆಯಲು ಕೈ ಏಳಲಿಲ್ಲ.

"ನಾನು ಗುರುತು ಹಾಕ್ತಿರಲಿಲ್ಲ" ಎಂದರು. "ಕೇಳಿಸ್ಕೋತಿದ್ದೆ. ನಿಯಮ ನನ್ನದೇ. ಸೊನ್ನೆ ಬರ್ಕೊಳ್ಳಿ."

ಕಾರ್ಯದರ್ಶಿ ತಲೆಗೆ ಕೈ ಹೊತ್ತು ಕೂತ. "ಅಲ್ಲಾ, ಅಂಥದ್ದೇನು ಹೇಳಿದ್ಳು ಆ ಹುಡುಗಿ?"

ಆಗ ಮೂವರೂ ಒಟ್ಟಿಗೇ ಶುರುಮಾಡಿದರು. ಔಷಧಿ ಅಂಗಡಿಯವರು ಬೀರುವಿನ ಬೀಗದವರೆಗೆ ಹೇಳಿದರು. ಟೀಚರಮ್ಮ ಮುಂದುವರಿಸಿ, ಅಕ್ಕಪಕ್ಕದವರು ಎಂಬಲ್ಲಿ ಅಳತೊಡಗಿದರು. ಆ ಸಾವಿನ ಸಮಯದಲ್ಲಿ ಟೀಚರಮ್ಮನ ಮನೆ ಇನ್‌ಸ್ಪೆಕ್ಟರ ಬೀದಿಯಲ್ಲೇ ಎರಡು ಮನೆ ಆಚೆಗಿತ್ತು. ಒಂದು ಮಾತೂ ಬಿಟ್ಟುಹೋಗಲಿಲ್ಲ. ಹದಿನಾರು ವರ್ಷದ ಎಂಟುನೂರು ಪ್ರಸಂಗಗಳಲ್ಲಿ ಅವರಿಗೆ ಪೂರ್ತಿ ನೆನಪಿದ್ದದ್ದು ಇದೊಂದೇ.

ಕಾರ್ಯದರ್ಶಿ ಕಣ್ಣೊರೆಸಿಕೊಂಡು ಸೊನ್ನೆ ಬರೆದ. ಅದರ ಕೆಳಗೆ ಟೀಚರಮ್ಮ ಹೇಳಿ ಬರೆಸಿದರು: ತಪ್ಪು ಪರೀಕ್ಷಕರದು, ಮೂವರನ್ನೂ ಬಿಡುಗಡೆ ಮಾಡಿ ಬೇರೆಯವರನ್ನು ಕೂರಿಸಿ, ಅಭ್ಯರ್ಥಿಗೆ ಇನ್ನೊಂದು ಭಾನುವಾರ ಕೊಡಬೇಕು. ಚರ್ಚಿನ ಹಿರಿಯರು ಒಪ್ಪುತ್ತಾರೋ, ಪೀಠ ಎರಡನೆಯ ಅರ್ಜಿದಾರನಿಗೆ ಹೋಗುತ್ತದೋ, ಯಾರಿಗೂ ಗೊತ್ತಿರಲಿಲ್ಲ.

ಇನ್‌ಸ್ಪೆಕ್ಟರು ಹೊರಗೆ ಬಂದು ಮಗಳ ಪಕ್ಕ ಕೂತರು.

"ಎಷ್ಟು ಅಪ್ಪಾ?"

"ಸೊನ್ನೆ."

ಅವಳ ಮುಖ ಬಿಳಿಚಿತು. "ಒಂದೂ ಇಲ್ವಾ? ಅಷ್ಟೊಂದು ತಪ್ಪಾಗಿತ್ತಾ?"

"ತಪ್ಪಿತ್ತೋ ಇಲ್ವೋ ನಾನು ನೋಡ್ಲಿಲ್ಲ ಮರಿ. ಹಾಳೆ ಪೂರ್ತಿ ಖಾಲಿ. ನಿನ್ನ ಮುಖಾನೇ ನೋಡ್ತಾ ಕೂತುಬಿಟ್ಟೆ."

ಅವಳು ಅವರ ಕಡೆ ತಿರುಗಿದಳು. ನಗುವುದೋ ಅಳುವುದೋ ತೋಚದೆ ಎರಡನ್ನೂ ಮಾಡಿದಳು. ಇನ್‌ಸ್ಪೆಕ್ಟರು ಹದಿನಾಲ್ಕು ವರ್ಷದ ಹಿಂದೆ ಕೇಳಬೇಕಿದ್ದ ಮಾತು ಒಂದೇ ಒಂದಿತ್ತು. ಅದನ್ನೇ ಕೇಳಿದರು.

"ಹಸಿವಾಗಿದ್ಯಾ?"

"ತುಂಬಾ" ಎಂದಳು ಮಗಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

"ನಡಿ ಮನೆಗೆ. ನಿಮ್ಮತ್ತೆ ಇವತ್ತು ಕೂತ್ಕೊಳ್ಳಲಿ, ನಾನು ಮಾಡ್ತೀನಿ."

"ನಿಮಗೆ ಅಡುಗೆ ಬರುತ್ತಾ ಅಪ್ಪಾ?"

"ಬರಲ್ಲ. ನೀನೇ ಅಂಕ ಹಾಕು" ಎಂದು ಅವರು ಎದ್ದರು. ರಟ್ಟು ಬೆಂಚಿನ ಮೇಲೆಯೇ ಉಳಿಯಿತು.